ಬಾಕ್ಸಿಂಗ್ ಕಾಣ್ಕಂದ್ರೆ ಎಷ್ಟ್ ಕೊಡ್ಕ್?

ಪೋಸ್ಟ್ ಸ್ವಲ್ಪ ಉದ್ದ ಉಂಟು, ಪುರಸೊತ್ತಿದ್ದಾಗ ಓದಿ.

2025ರ ಸೆಪ್ಟೆಂಬರ್ 14, ಭಾನುವಾರ. ಬೆಳಿಗ್ಗೆ ನಮ್ಮ ಗಂಜಿ ಊಟದ ಹೊತ್ತಿಗೆ ಅಮೆರಿಕದ ಲಾಸ್ ವೇಗಸ್‌ನಲ್ಲಿ ಟೆರೆನ್ಸ್ ಕ್ರಾಫರ್ಡ್ ಎಂಬ ಕಪ್ಪು ಬಾಕ್ಸರ್ ತನಗಿಂತ ಮೇಲಿನ ತೂಕದ ಕನೆಲೊ ಆಲ್ವಾರೆಜ್‌ನನ್ನು ಹನ್ನೆರಡು ಸುತ್ತು ಆಡಿ ಸೋಲಿಸಿದ. ಅದು ಬಂದದ್ದು ನೆಟ್‌ಫ್ಲಿಕ್ಸ್‌ನಲ್ಲಿ. 4 ಕೋಟಿಗೂ ಹೆಚ್ಚು ಜನ ನೋಡಿದರು ಅಂತ ಕಂಪೆನಿಯೇ ಹೇಳಿಕೊಂಡಿತು. ಅದೇ ದಿನ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಮೀನಾಕ್ಷಿ ಹೂಡಾ 48 ಕೆಜಿಯಲ್ಲಿ ವಿಶ್ವ ಚಾಂಪಿಯನ್ ಆದಳು. ರೋಹ್ಟಕ್ ಕಡೆಯ ಹಳ್ಳಿಯ ಹುಡುಗಿ, ಅಪ್ಪ ಆಟೋ ಓಡಿಸುವವರು. ಹಿಂದಿನ ರಾತ್ರಿ ಅಲ್ಲೇ ಜೈಸ್ಮಿನ್ ಲಂಬೋರಿಯಾ 57 ಕೆಜಿಯಲ್ಲಿ ಚಿನ್ನ ಗೆದ್ದಿದ್ದಳು. ಮತ್ತೆ ಅದೇ ಭಾನುವಾರ ರಾತ್ರಿ ದುಬೈನಲ್ಲಿ ಭಾರತ-ಪಾಕಿಸ್ತಾನ ಏಷ್ಯಾ ಕಪ್ ಕ್ರಿಕೆಟ್. ಯಾರು ಯಾರಿಗೆ ಕೈ ಕುಲುಕಲಿಲ್ಲ ಅಂತ ವಾರವಿಡೀ ಚರ್ಚೆ ಆಯ್ತಲ್ಲ, ಅದೇ ಮ್ಯಾಚು.

ಈಗ ಹೇಳಿ, ಈ ಮೂರರಲ್ಲಿ ನೀವು ನೋಡಿದ್ದು ಯಾವುದು? ನಮ್ಮ ಕೆರಾಡಿ ಕಡೆ ಕೇಳಿದರೆ ಕ್ರಿಕೆಟ್ ಎಲ್ಲರೂ ನೋಡಿದ್ದಾರೆ. ಕ್ರಾಫರ್ಡ್‌ನ ಪಂಚ್ ಇಬ್ಬರು ಮೂವರು ಹುಡುಗರು ರೀಲ್ಸ್‌ನಲ್ಲಿ ನೋಡಿದ್ದಾರೆ. ಮೀನಾಕ್ಷಿಯ ಫೈನಲ್ ನೋಡಿದವರು ಒಬ್ಬರೂ ಸಿಗಲಿಲ್ಲ. "ಅದ್ ಯಾವ ಚಾನೆಲ್ಲಂಗೆ ಬತ್ತ್ ಮಾರಾಯ್ರೆ?" ಅಂತ ನನ್ನನ್ನೇ ತಿರುಗಿ ಕೇಳಿದರು.

ಇದನ್ನ ನಮ್ಮ ವಾಟ್ಸ್ಯಾಪ್ ಗ್ರೂಪಿನಲ್ಲಿ ಹಾಕಿದಾಗ ಬೆಂಗಳೂರಿನ ಗೆಳೆಯರೊಬ್ಬರು, "ಟಿವಿ ಕಾಲ ಮುಗೀತು ಸರ್, ಈಗ ಎಲ್ಲಾ ಓಟಿಟಿ, ಬೇಕಾದ್ದು ಬೇಕಾದಾಗ ನೋಡಬಹುದು, ಇದೇ ನಿಜವಾದ ಪ್ರಜಾಪ್ರಭುತ್ವ" ಅಂತ ಬರೆದರು. ಇನ್ನೊಬ್ಬರು ಹಿರಿಯರು, "ದೂರದರ್ಶನದ ಕಾಲವೇ ಚೆಂದ, ಎಲ್ಲರೂ ಒಟ್ಟಿಗೆ ಕೂತು ನೋಡ್ತಿದ್ರು" ಅಂದರು. ಇಬ್ಬರಿಗೂ ನನ್ನ ತಕರಾರು ಉಂಟು.

ಮೊದಲು ಹಿರಿಯರಿಗೆ. ಎಲ್ಲರೂ ಒಟ್ಟಿಗೆ ಕೂತಿದ್ದು ಎಲ್ಲಿ ಸ್ವಾಮಿ? ಊರಿಗೆ ಮೊದಲ ಟಿವಿ ಬಂದದ್ದು ದೊಡ್ಡ ಮನೆಗೆ. ಮನೆಯವರು ಚಾವಡಿಯಲ್ಲಿ, ನೆಂಟರು ಜಗಲಿಯಲ್ಲಿ, ನಮ್ಮವರು ಅಂಗಳದಲ್ಲಿ. ಮಳೆ ಬಂದರೆ ನಮಗೆ ಮಾತ್ರ ಟಿವಿ ಬಂದ್. ಕಿಟಕಿಯ ಸರಳಿನ ಸಂದಿಯಿಂದ ರಾಮಾಯಣ ನೋಡಿದ ತಲೆಮಾರು ನಮ್ಮದು. ಅದನ್ನ 'ಒಟ್ಟಿಗೆ' ಅಂತ ಕರೆಯೋಕೆ ನನ್ನ ಬಾಯಿ ಬರೋದಿಲ್ಲ. ಆಟ ನೋಡೋದರಲ್ಲೂ ಯಾರ ಜಾಗ ಎಲ್ಲಿ ಅನ್ನೋದು ಈ ಕರಾವಳಿಯಲ್ಲಿ ಟಿವಿಗಿಂತ ಎಷ್ಟೋ ಮೊದಲೇ ತೀರ್ಮಾನ ಆಗಿತ್ತು. ಕಂಬಳದ ಹಿಂದಿನ ದಿನ ಕೊರಗರನ್ನು ಅದೇ ಗದ್ದೆಯಲ್ಲಿ ಓಡಿಸುತ್ತಿದ್ದರಲ್ಲ, ಕೋಣಗಳ ಕಾಲಿಗೆ ಮುಳ್ಳು ತಾಗಬಾರದು ಅಂತ! ಕೊರಗರ ಅಜಲು ಪದ್ಧತಿಯನ್ನು ಕಾನೂನು ಮಾಡಿ ನಿಷೇಧಿಸೋಕೆ ಕರ್ನಾಟಕ ಸರ್ಕಾರಕ್ಕೆ 2000ನೇ ಇಸವಿ ಬರಬೇಕಾಯ್ತು. ಹಾಗಾಗಿ ಹಳೆ ಕಾಲ ಚೆಂದ ಇತ್ತು ಅನ್ನುವವರು ತಾವು ಎಲ್ಲಿ ಕೂತು ನೋಡಿದ್ದು ಅಂತ ಮೊದಲು ಹೇಳಲಿ.

ನಮಗೆ ಆ ಅಂಗಳದಿಂದ ಬಿಡುಗಡೆ ಕೊಟ್ಟದ್ದು ಎರಡು ವಸ್ತು. ಒಂದು, ದೂರದರ್ಶನದ ಉಚಿತ ಡಿಶ್. 2004ರಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಅಂತ ಶುರುವಾಗಿ ಈಗ ಡಿಡಿ ಫ್ರೀ ಡಿಶ್ ಆಗಿರೋದು. ಒಮ್ಮೆ ಡಿಶ್, ಬಾಕ್ಸ್ ತಗೊಂಡ್ರೆ ಮುಗೀತು, ತಿಂಗಳ ಬಿಲ್ ಇಲ್ಲ. ಕಾಲೊನಿಯ ಹಂಚಿನ ಮನೆ ಮೇಲೆ ಆ ಸಣ್ಣ ಕೊಡೆ ಬಂದ ದಿನ ನಮ್ಮ ಮಕ್ಕಳು ಬೇರೆಯವರ ಅಂಗಳಕ್ಕೆ ಹೋಗೋದು ನಿಂತಿತು. ಎರಡನೆಯದು ಮೊಬೈಲು. ಅದರ ಋಣವನ್ನೂ ನಾನು ಅಲ್ಲಗಳೆಯೋದಿಲ್ಲ. ಪಾ. ರಂಜಿತ್ ಅವರ 'ಸಾರ್ಪಟ್ಟ ಪರಂಬರೈ' 2021ರ ಜುಲೈನಲ್ಲಿ ಥಿಯೇಟರಿಗೆ ಬರದೆ ನೇರ ಅಮೆಜಾನ್ ಪ್ರೈಮ್‌ಗೆ ಬಂತು. ಉತ್ತರ ಮದ್ರಾಸಿನ ದುಡಿಯುವ ಜನರ ಬಾಕ್ಸಿಂಗ್ ಕಥೆ. ಅದನ್ನ ನೋಡಿ ಎರಡು ದಿನ ನಿದ್ದೆ ಬರದ ಹುಡುಗರನ್ನ ನಾನು ಬಲ್ಲೆ. (ಪ್ರೈಮ್‌ನಲ್ಲೇ ನೋಡಿದ್ರಾ ಟೆಲಿಗ್ರಾಂನಲ್ಲಿ ನೋಡಿದ್ರಾ ಅಂತ ಕೇಳಬೇಡಿ, ಉತ್ತರ ನಿಮಗೂ ಗೊತ್ತು.)

ಒಲಿಂಪಿಕ್ಸ್ ವಿಷಯದಲ್ಲೂ ಆ್ಯಪ್‌ನ ಉಪಕಾರ ದೊಡ್ಡದೇ. ಟಿವಿಯಲ್ಲಿ ಒಂದು ಚಾನೆಲ್ ಒಂದು ಹೊತ್ತಿಗೆ ಒಂದೇ ಆಟ ತೋರಿಸ್ಬಹುದು. ಬಾಕ್ಸಿಂಗ್ ಎರಡನೇ ಸುತ್ತಿನಲ್ಲಿ ಇರುವಾಗ ಪಟ್ ಅಂತ ಶೂಟಿಂಗಿಗೆ ಹಾರಿಬಿಡ್ತಾರೆ. ಅಮೆಚೂರ್ ಬೌಟ್ ಅಂದ್ರೆ ಮೂರು ಮೂರು ನಿಮಿಷದ ಮೂರೇ ಸುತ್ತು, ಅವರು ಹಾರಿ ವಾಪಸ್ ಬರೋದರೊಳಗೆ ರೆಫರಿ ಕೈ ಎತ್ತಿ ಆಗಿರ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸನ್ನು ಜಿಯೋ ಸಿನಿಮಾ ಬಿಟ್ಟಿಯಾಗಿ ತೋರಿಸಿತು, ಏಕಕಾಲಕ್ಕೆ ಹಲವು ಫೀಡ್. ನಿಖತ್ ಜರೀನ್ ಚೀನಾದ ವು ಯು ಎದುರು ಸೋತದ್ದು, ಲವ್ಲಿನಾ ಕ್ವಾರ್ಟರ್ ಫೈನಲ್‌ನಲ್ಲಿ ಎಡವಿದ್ದು ಬೇಕಾದವರು ಮೊದಲಿನಿಂದ ಕೊನೆತನಕ ನೋಡಬಹುದಿತ್ತು.

ಆದ್ರೆ ಬಿಟ್ಟಿ ಅನ್ನೋದು ಅಲ್ಲಿ ಹಕ್ಕಲ್ಲ, ಆಮಿಷ. 2025ರ ಫೆಬ್ರವರಿಯಲ್ಲಿ ಅದೇ ಕಂಪೆನಿ ಹಾಟ್‌ಸ್ಟಾರ್ ಜೊತೆ ಸೇರಿ ಜಿಯೋ ಹಾಟ್‌ಸ್ಟಾರ್ ಆಯ್ತು, ಚಂದಾ ಶುರುವಾಯ್ತು. ಮೊದಲು ರುಚಿ ಹತ್ತಿಸು, ಆಮೇಲೆ ಗೇಟು ಹಾಕು.

ಲೆಕ್ಕ ಹಾಕುವ. ನೆಟ್‌ಫ್ಲಿಕ್ಸ್‌ನ ಮೊಬೈಲ್ ಪ್ಲಾನ್ ತಿಂಗಳಿಗೆ 149 ರೂಪಾಯಿ. ನರೇಗಾ ಕೂಲಿ ಕರ್ನಾಟಕದಲ್ಲಿ 2025-26ಕ್ಕೆ ದಿನಕ್ಕೆ 370. ಬೆಂಗಳೂರಿನ ಗೆಳೆಯರಿಗೆ ಅದು ಒಂದು ಕಾಫಿ ದುಡ್ಡು, ನಮ್ಮ ಅಕ್ಕಂದಿರಿಗೆ ಅರ್ಧ ದಿನ ಮಣ್ಣು ಹೊತ್ತ ದುಡ್ಡು. ಅದರ ಮೇಲೆ ರೀಚಾರ್ಜು. 2024ರ ಜುಲೈನಲ್ಲಿ ಮೂರೂ ಕಂಪೆನಿಗಳು ದರ ಏರಿಸಿದಾಗ ಜಿಯೋದ 28 ದಿನದ ಪ್ಲಾನ್ 239ರಿಂದ 299ಕ್ಕೆ ಹೋಯ್ತು. ದಿನಕ್ಕೆ ಒಂದೂವರೆ ಜಿಬಿ. ಒಳ್ಳೆ ಕ್ವಾಲಿಟಿಯಲ್ಲಿ ಹಾಕಿದ್ರೆ ಮುಖ್ಯ ಬೌಟ್ ಬರೋ ಮೊದಲೇ ಡೇಟಾ ಖಾಲಿ. ಕಡಿಮೆ ಕ್ವಾಲಿಟಿಯಲ್ಲಿ ಹಾಕಿದ್ರೆ ಗ್ಲೌಸ್ ಯಾವುದು ಮುಖ ಯಾವುದು ಗೊತ್ತಾಗೂದಿಲ್ಲ. ಇದೆಲ್ಲ ನೆಟ್‌ವರ್ಕ್ ಇದ್ದರೆ. ಘಟ್ಟದ ಬುಡದ ನಮ್ಮೂರುಗಳಲ್ಲಿ ಮಳೆಗಾಲದ ಕರೆಂಟು, ಟವರಿನ ಕಥೆ ನಿಮಗೆ ಹೇಳಬೇಕಿಲ್ಲ. 'ಕಾಂತಾರ'ದಲ್ಲಿ ನಮ್ಮ ಕಾಡು, ಗದ್ದೆ ಜಗತ್ತೆಲ್ಲ ನೋಡಿತು. ಅದೇ ಸಿನಿಮಾವನ್ನ ಫೋನಿನಲ್ಲಿ ಇಲ್ಲಿ ಕಾಣ್ಕಾದ್ರೆ ಗುಡ್ಡೆ ಹತ್ತಿ ಸಿಗ್ನಲ್ ಹುಡುಕಬೇಕು.

ಮೈಕ್ ಟೈಸನ್-ಜೇಕ್ ಪಾಲ್ ಹೊಡೆದಾಟ ನೆನಪುಂಟಾ, 2024ರ ನವೆಂಬರಿನದ್ದು? 58ರ ಮುದುಕ, 27ರ ಯೂಟ್ಯೂಬ್ ಹುಡುಗ. 6 ಕೋಟಿ ಮನೆಗಳಲ್ಲಿ ನೋಡಿದರಂತೆ. ಅದರಲ್ಲಿ ಅಮೆರಿಕದವರಿಗೂ ಚಕ್ರ ತಿರುಗಿದ್ದೇ ತಿರುಗಿದ್ದು. ಅವತ್ತು ಒಂದು ದಿನ ಮಾತ್ರ ಕೆರಾಡಿಯೂ ಕ್ಯಾಲಿಫೋರ್ನಿಯಾವೂ ಸಮಾನ ಆದದ್ದು.

ದುಡ್ಡಿಗಿಂತ ನನಗೆ ಹೆಚ್ಚು ಚುಚ್ಚೋದು ಇನ್ನೊಂದು. ಟಿವಿ ಮನೆಯದ್ದು, ಫೋನು ಗಂಡು ಹುಡುಗನದ್ದು. ನಮ್ಮ ಕಾಲೊನಿಗಳಲ್ಲಿ ಸ್ಮಾರ್ಟ್‌ಫೋನ್ ಯಾರ ಕಿಸೆಯಲ್ಲಿ ಇರ್ತದೆ ಒಮ್ಮೆ ಕಾಣಿ. ಅಣ್ಣನ ಕಿಸೆಯಲ್ಲಿ. ಅವನು ಕೆಲಸಕ್ಕೆ ಹೋದ್ರೆ ಫೋನೂ ಹೋಯ್ತು. ಮೇರಿ ಕೋಮ್, ಲವ್ಲಿನಾ, ನಿಖತ್, ಮೀನಾಕ್ಷಿ: ಈ ದೇಶದ ಬಾಕ್ಸಿಂಗನ್ನ ಎತ್ತಿ ಹಿಡಿದವರು ಹೆಣ್ಣುಮಕ್ಕಳು. 2023ರಲ್ಲಿ ದೆಹಲಿಯ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ನಾಲ್ಕು ಚಿನ್ನ ಗೆದ್ದವರು ಅವರೇ. ಅವರನ್ನ ನೋಡಲೇಬೇಕಾದ ಹತ್ತು ಹನ್ನೆರಡು ವರ್ಷದ ತಂಗಿಯ ಕೈಯಲ್ಲಿ ಫೋನಿಲ್ಲ. ಸಂಜೆ ಶಾಲೆಯಿಂದ ಬಂದು ಅವಳು ಒತ್ತುವುದು ಟಿವಿ ರಿಮೋಟು. ಅಲ್ಲಿ ಇಲ್ಲದ ಆಟ ಅವಳ ಪಾಲಿಗೆ ಹುಟ್ಟೇ ಇಲ್ಲ. ಅಲ್ಲಿ ಇದ್ದರೂ ಹಿಂದಿ, ಇಂಗ್ಲಿಷು. ಕನ್ನಡದಲ್ಲಿ ಬಾಕ್ಸಿಂಗ್ ಕಾಮೆಂಟರಿಯನ್ನ ನಾನಂತೂ ಒಮ್ಮೆಯೂ ಕೇಳಿಲ್ಲ. ಕಬಡ್ಡಿಗೆ ಸಿಕ್ಕಿದ್ದು ಇದಕ್ಕೆ ಎಂತಕ್ಕೆ ಸಿಗಬಾರದು?

ಆಟ ನೋಡೋದರಲ್ಲಿ ಎಂಥ ದೊಡ್ಡ ವಿಷಯ ಅಂತ ನಮ್ಮ ಚಳವಳಿಯ ಕೆಲವರೇ ಕೇಳ್ತಾರೆ. ಭೂಮಿ, ಮೀಸಲಾತಿ ಬಿಟ್ಟು ಇವನಿಗೆ ಬಾಕ್ಸಿಂಗ್ ಹುಚ್ಚು ಅಂತ. ಅವರಿಗೆ ಜ್ಯಾಕ್ ಜಾನ್ಸನ್ ಕಥೆ ಹೇಳ್ಬೇಕು. ಹೆವಿವೇಟ್ ಪಟ್ಟ ಗೆದ್ದ ಮೊದಲ ಕಪ್ಪು ಮನುಷ್ಯ, 1908ರಲ್ಲಿ. ಅವನನ್ನ ಬಗ್ಗು ಬಡಿಯೋಕೆ ಬಿಳಿಯರು ನಿವೃತ್ತ ಜೆಫ್ರೀಸ್‌ನನ್ನ ಕರೆತಂದರು. 1910ರ ಜುಲೈ 4ರಂದು ರೀನೋ ಎಂಬಲ್ಲಿ ಜಾನ್ಸನ್ ಅವನನ್ನೂ ಮಲಗಿಸಿದ. ಆ ರಾತ್ರಿ ಊರೂರಲ್ಲಿ ಕಪ್ಪು ಜನರ ಮೇಲೆ ದಾಳಿ, ಹೆಣ ಬಿದ್ದವು. ಆಮೇಲೆ ಏನು ಮಾಡಿದ್ರು ಗೊತ್ತಾ? ಆ ಹೊಡೆದಾಟದ ಸಿನಿಮಾ ರೀಲನ್ನ ಊರೂರಲ್ಲಿ ನಿಷೇಧಿಸಿದ್ರು. 1912ರಲ್ಲಿ ಅಮೆರಿಕದ ಕಾಂಗ್ರೆಸ್ ಬಾಕ್ಸಿಂಗ್ ಫಿಲಂಗಳನ್ನ ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸಬಾರದು ಅಂತ ಕಾನೂನೇ ಮಾಡಿತು. 1940ರ ತನಕ ಅದು ಜಾರಿಯಲ್ಲಿತ್ತು. ಒಬ್ಬ ಕಪ್ಪು ಮನುಷ್ಯ ಗೆದ್ದದ್ದಕ್ಕಿಂತ, ಅವನು ಗೆಲ್ಲೋದನ್ನ ಉಳಿದ ಕಪ್ಪು ಜನ ನೋಡ್ತಾರಲ್ಲ, ಅದು ಅವರಿಗೆ ಭಯ.

ನಮ್ಮಲ್ಲಿ? 2021ರ ಆಗಸ್ಟ್ 4. ಟೋಕಿಯೋದಲ್ಲಿ ಲವ್ಲಿನಾಳ ಸೆಮಿಫೈನಲ್, ಅಸ್ಸಾಂ ವಿಧಾನಸಭೆ ಕಲಾಪ ನಿಲ್ಲಿಸಿ ಟಿವಿ ನೋಡಿತು. ಅದೇ ದಿನ ಮಹಿಳಾ ಹಾಕಿ ತಂಡ ಅರ್ಜೆಂಟೀನಾ ಎದುರು ಸೋತಿತು. ಹರಿದ್ವಾರದ ರೋಶನಾಬಾದ್‌ನಲ್ಲಿ ವಂದನಾ ಕಟಾರಿಯಾ ಮನೆ ಮುಂದೆ ಮೇಲ್ಜಾತಿ ಗಂಡಸರು ಪಟಾಕಿ ಹೊಡೆದು ಕುಣಿದರು, ಜಾತಿ ಹಿಡಿದು ಬೈದರು. ದಕ್ಷಿಣ ಆಫ್ರಿಕಾ ಎದುರು ಹ್ಯಾಟ್ರಿಕ್ ಹೊಡೆದ ಹುಡುಗಿ ಅವಳು, ನಾಲ್ಕೇ ದಿನದ ಹಿಂದೆ. ಅವರೂ ಅದೇ ಮ್ಯಾಚನ್ನ ನೋಡಿದವರೇ. ಆಟ ಬರೀ ಆಟ ಅನ್ನುವವರಿಗೆ ಇದಕ್ಕಿಂತ ಹೆಚ್ಚು ನಾನು ಹೇಳಲ್ಲ.

ಈಗ ಕಾನೂನಿಗೆ ಬರುವ. 1995ರಲ್ಲಿ ಸುಪ್ರೀಂ ಕೋರ್ಟ್, ಬಂಗಾಳದ ಕ್ರಿಕೆಟ್ ಸಂಸ್ಥೆಯ ಕೇಸಿನಲ್ಲಿ, ಪ್ರಸಾರದ ತರಂಗಗಳು ಸಾರ್ವಜನಿಕ ಆಸ್ತಿ ಅಂತ ಹೇಳಿತು. ಕೆರೆ ನೀರಿನ ಹಾಗೆ. 2007ರಲ್ಲಿ ಒಂದು ಕಾನೂನು ಬಂತು: ರಾಷ್ಟ್ರೀಯ ಮಹತ್ವದ ಕ್ರೀಡೆಯನ್ನ ಖಾಸಗಿಯವರು ತೋರಿಸಿದ್ರೆ ಅದರ ಸಿಗ್ನಲನ್ನ ಪ್ರಸಾರ ಭಾರತಿಗೆ ಕೊಡಲೇಬೇಕು. ಅದೂ ಬಂದದ್ದು ಕ್ರಿಕೆಟಿಗಾಗಿಯೇ, ವೆಸ್ಟ್ ಇಂಡೀಸ್ ಸರಣಿಯ ಜಗಳದಿಂದ. ಇರಲಿ, ಬಂತಲ್ಲ. 2017ರಲ್ಲಿ ಸುಪ್ರೀಂ ಕೋರ್ಟ್, ಆ ಸಿಗ್ನಲ್ ದೂರದರ್ಶನದ ಸ್ವಂತ ಆಂಟೆನಾ ಪ್ರಸಾರ ಮತ್ತು ಫ್ರೀ ಡಿಶ್‌ಗೆ ಮಾತ್ರ, ಖಾಸಗಿ ಕೇಬಲ್‌ಗೆ ಹೋಗಬಾರದು ಅಂತ ಬೇಲಿ ಹಾಕಿತು. ಅಂದ್ರೆ ಇವತ್ತು ಆ ಹಕ್ಕು ಉಳಿದಿರೋದೇ ಕಾಲೊನಿಯ ಹಂಚಿನ ಮೇಲಿನ ಆ ಸಣ್ಣ ಕೊಡೆಯಲ್ಲಿ. ಮತ್ತೆ ಆ ಕಾನೂನಿನ ಸಾಲುಗಳಲ್ಲಿ ಇರೋದು ಕೇಬಲ್, ಡಿಟಿಎಚ್, ರೇಡಿಯೋ. ಆ್ಯಪ್ ಅನ್ನೋ ಪದ 2007ರಲ್ಲಿ ಯಾರ ತಲೆಯಲ್ಲೂ ಇರಲಿಲ್ಲ. ನಾಳೆ ಒಂದು ಪಂದ್ಯವನ್ನ ಟಿವಿಗೆ ಕೊಡದೆ ಬರೀ ಆ್ಯಪ್‌ಗೆ ಮಾರಿದ್ರೆ ಏನು ಗತಿ? 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಿಗೆ ಬಾಕ್ಸಿಂಗ್ ಉಂಟು, ಅದು 2025ರ ಮಾರ್ಚ್‌ನಲ್ಲಿ ಖಾತ್ರಿ ಆಯ್ತು. ಅದರೊಳಗೆ ಈ ತೂತು ಮುಚ್ಚಬೇಕು.

1923ರಲ್ಲೇ ಮುಂಬಯಿ ವಿಧಾನ ಪರಿಷತ್ತು ಸಾರ್ವಜನಿಕ ಕೆರೆ ಅಸ್ಪೃಶ್ಯರಿಗೂ ಮುಕ್ತ ಅಂತ ನಿರ್ಣಯ ಮಾಡಿತ್ತು. ಆದ್ರೂ ಬಾಬಾಸಾಹೇಬರು 1927ರಲ್ಲಿ ಮಹಾಡಿಗೆ ನಡೆದು ಹೋಗಿ ಚೌದಾರ್ ಕೆರೆಯ ನೀರು ಮುಟ್ಟಬೇಕಾಯ್ತು. ಕಾಗದದಲ್ಲಿ ಇರೋದು ಬೇರೆ, ಕೈಗೆ ಸಿಗೋದು ಬೇರೆ ಅಂತ ನಮಗಿಂತ ಚೆನ್ನಾಗಿ ಗೊತ್ತಿರೋರು ಯಾರು?

ಹಾಗಾಗಿ ನನ್ನ ಬೇಡಿಕೆ ಎರಡೇ. ಒಂದು ದೆಹಲಿಯದ್ದು: 2007ರ ಕಾನೂನಿಗೆ ಸ್ಟ್ರೀಮಿಂಗನ್ನ ಸೇರಿಸಿ, ಭಾರತದ ಬಾಕ್ಸರುಗಳು ಆಡುವ ವಿಶ್ವ ಚಾಂಪಿಯನ್‌ಶಿಪ್ಪನ್ನ ಫ್ರೀ ಡಿಶ್‌ನಲ್ಲಿ ತೋರಿಸಿ, ಕನ್ನಡದಲ್ಲೂ ಹೇಳಿ. ಇದು ತಡ ಆಗ್ತದೆ, ಗೊತ್ತುಂಟು. ಇನ್ನೊಂದು ನಮ್ಮ ಕೈಯಲ್ಲೇ ಇರೋದು: ಪಂಚಾಯತಿಯ ಶೇ 25ರ ನಿಧಿ. ಪ್ರತಿ ವರ್ಷ ಅದು ಯಾವ ಚರಂಡಿಗೆ ಹೋಗ್ತದೆ ಅಂತ ಕೇಳಿದ್ರೆ ಪಿಡಿಒ ಮೇಲೆ ನೋಡ್ತಾರೆ, ಸದಸ್ಯರು ಕೆಳಗೆ ನೋಡ್ತಾರೆ. ಈ ಸಲದ ಗ್ರಾಮ ಸಭೆಯಲ್ಲಿ ಅಂಬೇಡ್ಕರ್ ಭವನಕ್ಕೋ ಅರಿವು ಕೇಂದ್ರಕ್ಕೋ ಒಂದು ದೊಡ್ಡ ಟಿವಿ, ಒಂದು ಫ್ರೀ ಡಿಶ್, ಸಾಧ್ಯ ಆದ್ರೆ ಒಂದು ಬ್ರಾಡ್‌ಬ್ಯಾಂಡ್ ಲೈನು ಅಂತ ಬರೆದು ಕೊಡಿ. ಬೀಗದ ಕೈ ಕಾಲೊನಿಯ ಹೆಣ್ಣುಮಕ್ಕಳ ಸಂಘದ ಹತ್ರ ಇರ್ಲಿ ಅಂತಲೂ ಸೇರಿಸಿ, ಇಲ್ಲದಿದ್ರೆ ಅದೂ ಕ್ರಿಕೆಟ್ ಟಿವಿ ಆಗ್ತದೆ.

ಅರ್ಜಿಯ ಒಂದು ಮಾದರಿ ನಾನು ಬರೆದಿಟ್ಟಿದ್ದೇನೆ. ಬೇಕಾದವರು ಕಾಮೆಂಟಿನಲ್ಲಿ ನಿಮ್ಮ ಪಂಚಾಯತಿ ಹೆಸರು ಹಾಕಿ, ಕಳಿಸ್ತೇನೆ. ಬೈಂದೂರು, ಬ್ರಹ್ಮಾವರ ಕಡೆಯವರು ಸಭೆಯಲ್ಲಿ ಎಂತ ಉತ್ತರ ಕೊಟ್ರು ಅಂತ ತಪ್ಪದೆ ಬರೀರಿ.