ಐದನೆಯ ತಂತಿ ಬೇಕೆ?

ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಎರಡು ಪತ್ರಗಳು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ದಾರಿಯಿಂದ ಕೇಳಿವೆ. ಮುದ್ದೇಬಿಹಾಳದ ಪಿಯುಸಿ ವಿದ್ಯಾರ್ಥಿಯೊಬ್ಬ ಗೆಳೆಯರೊಡನೆ ಜಾತ್ರೆಗಳಲ್ಲಿ ರಸಮಂಜರಿ ಕಾರ್ಯಕ್ರಮ ಕೊಡುತ್ತಾನಂತೆ. ನಾಲ್ಕು ತಂತಿಯ ಬೇಸ್ ಗಿಟಾರ್ ಕೊಳ್ಳಲೋ ಐದು ತಂತಿಯದೋ ಎಂಬುದು ಅವನ ಪ್ರಶ್ನೆ. ಬಸವನ ಬಾಗೇವಾಡಿಯ ತಂದೆಯೊಬ್ಬರ ಮಗಳು ಒಂಬತ್ತನೆಯ ತರಗತಿಯಲ್ಲಿದ್ದಾಳೆ, ಹಿಂದುಸ್ತಾನಿ ಗಾಯನ ಕಲಿಯುತ್ತಾಳೆ, ವಚನಗಳನ್ನು ಚೆನ್ನಾಗಿ ಹಾಡುತ್ತಾಳೆ. ತಂಬೂರಿ ಕೊಡಿಸಬೇಕೆಂದು ಒಂದಿಷ್ಟು ಹಣ ಕೂಡಿಸಿಟ್ಟಿದ್ದಾರೆ. ಅಂಗಡಿಯವರು ‘ಐದು ತಂತಿಯದನ್ನೇ ಒಯ್ಯಿರಿ’ ಎಂದಿದ್ದಾರೆ. ಒಯ್ಯಬೇಕೆ?

ಗಿಟಾರಿನ ಪ್ರಶ್ನೆಗೆ ಉತ್ತರ ಚಿಕ್ಕದು, ಅದನ್ನು ಮೊದಲು ಮುಗಿಸುತ್ತೇನೆ. ನಾಲ್ಕು ತಂತಿಯ ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಐದನೆಯ ತಂತಿ ಅದಕ್ಕಿಂತ ಕೆಳಗೆ ಇಳಿದು 31ರ ಹತ್ತಿರ ನಿಲ್ಲುತ್ತದೆ. ವಾದ್ಯದ ಉದ್ದ ಮಾತ್ರ ಸಾಮಾನ್ಯವಾಗಿ ಅದೇ 34 ಅಂಗುಲ. ಉದ್ದ ಹೆಚ್ಚಿಸದೆ ಸ್ವರ ಇಳಿಸಬೇಕಾದರೆ ತಂತಿಯನ್ನು ದಪ್ಪ ಮಾಡಬೇಕು, ಇಲ್ಲವೆ ಸಡಿಲ ಬಿಡಬೇಕು. ಅಗ್ಗದ ಗಿಟಾರುಗಳಲ್ಲಿ ಈ ತಂತಿ ಒದ್ದೆ ಹಗ್ಗದಂತೆ ಜೋಲುವುದು ಇದೇ ಕಾರಣಕ್ಕೆ. ಕೆಲವು ತಯಾರಕರು 35 ಅಂಗುಲದ ಗಿಟಾರು ಮಾಡುವುದೂ ಇದೇ ಕಾರಣಕ್ಕೆ. ಆದ್ದರಿಂದ ಅಂಗಡಿಗೆ ಹೋದಾಗ ಆ ದಪ್ಪ ತಂತಿಯನ್ನೇ ಮೊದಲು ನುಡಿಸಿ ನೋಡು. ಅದರ ಸ್ವರ ಸ್ಪಷ್ಟವಾಗಿ ಕೇಳಿದರೆ ಕೊಂಡುಕೋ. ಬರೀ ಗುಂಯ್‌ಗುಟ್ಟಿದರೆ ಅದೇ ಬೆಲೆಯ ನಾಲ್ಕು ತಂತಿಯದು ಹೆಚ್ಚು ಒಳ್ಳೆಯ ವಾದ್ಯವಾಗಿರುತ್ತದೆ.

ತಂಬೂರಿಯ ಕಥೆ ಬೇರೆ. ಅಲ್ಲಿ ಐದನೆಯ ತಂತಿ ಕೆಳಗೆ ಇಳಿಯುವುದಿಲ್ಲ, ಮಧ್ಯೆ ಬಂದು ಸೇರಿಕೊಳ್ಳುತ್ತದೆ. ಪ ಸಾ ಸಾ ಸಾ ಎಂಬ ನಾಲ್ಕು ತಂತಿಗಳ ನಡುವೆ, ಪಂಚಮದ ಪಕ್ಕದಲ್ಲಿ, ಸಾಮಾನ್ಯವಾಗಿ ನಿಷಾದವಾಗಿ ಕೂಡುತ್ತದೆ. ಅದರ ಮಾತಿಗೆ ಬರುವ ಮೊದಲು ಅದಕ್ಕಿಂತ ದೊಡ್ಡ ಪ್ರಶ್ನೆಯೊಂದಿದೆ. ಪಾಲಕರು ಅದನ್ನು ಕೇಳುವುದೇ ಇಲ್ಲ: ನಿಮ್ಮ ಮಗುವಿನ ಷಡ್ಜ ಯಾವುದು?

ತಂತಿಯ ಸ್ವರವನ್ನು ನಿರ್ಧರಿಸುವುದು ಮೂರು ಸಂಗತಿಗಳು: ಅದರ ಉದ್ದ, ಬಿಗಿತ, ಮತ್ತು ಒಂದು ಮೊಳ ತಂತಿಯ ತೂಕ. ಫ್ರಾನ್ಸಿನ ಮೆರ್ಸೆನ್ ಎಂಬ ಪಾದ್ರಿ 1636ರಲ್ಲೇ ಇದನ್ನು ಬರೆದಿಟ್ಟ. ಇದರಲ್ಲಿ ಬಿಗಿತದ ಲೆಕ್ಕ ಸ್ವಲ್ಪ ಮೋಸದ್ದು. ಆವೃತ್ತಿಯನ್ನು ಎರಡು ಪಟ್ಟು ಮಾಡಲು ಬಿಗಿತವನ್ನು ನಾಲ್ಕು ಪಟ್ಟು ಮಾಡಬೇಕಾಗುತ್ತದೆ.

ಈಗ ಮನೆಗೆ ಅನ್ವಯಿಸಿ ನೋಡೋಣ. ಗಂಡಸರ ತಂಬೂರಿ ಸುಮಾರು ಐದು ಅಡಿ ಎತ್ತರದ್ದು. ಅದರ ಷಡ್ಜ ಹಾರ್ಮೋನಿಯಂನ ಕರಿ ಒಂದರ ಆಸುಪಾಸು, ಅಂದರೆ ಸುಮಾರು 139 ಹರ್ಟ್ಸ್. ಹುಡುಗಿಯ ಷಡ್ಜ ಬಿಳಿ ಐದು ಎಂದಿಟ್ಟುಕೊಳ್ಳಿ, ಅದು 196 ಹರ್ಟ್ಸ್. ನಡುವಿನ ಅಂತರ ಆರು ಮನೆ. ಅಣ್ಣನಿಗೆಂದು ತಂದ ತಂಬೂರಿಯಲ್ಲೇ ತಂಗಿಯೂ ಹಾಡಲಿ ಎಂದು ಅದೇ ತಂತಿಗಳನ್ನು ಏರಿಸಲು ಹೊರಟರೆ ಬಿಗಿತ ಸರಿಯಾಗಿ ಎರಡು ಪಟ್ಟಾಗುತ್ತದೆ. ತಂತಿ ಹರಿಯುತ್ತದೆ. ಹರಿಯದಿದ್ದರೆ ಕುದುರೆಯ ಕೆಳಗಿನ ಹಲಗೆ ಕುಸಿಯತೊಡಗುತ್ತದೆ. ಇದನ್ನು ಕಂಡು ಹೆದರಿದ ಮನೆಯವರು ಇನ್ನೊಂದು ದಾರಿ ಹಿಡಿಯುತ್ತಾರೆ. ತಂಬೂರಿಯನ್ನು ಇದ್ದಲ್ಲೇ ಬಿಟ್ಟು ಹುಡುಗಿಯನ್ನೇ ಕೆಳಗೆ ಇಳಿಸುತ್ತಾರೆ. ಮಗು ಮಂದ್ರದಲ್ಲಿ ಗಂಟಲು ಒತ್ತಿ ಹಾಡಲು ಕಲಿಯುತ್ತದೆ. ಹೀಗೆ ಮೂರು ವರ್ಷ ಒತ್ತಿ ಹಾಡಿದ ಕೊರಳನ್ನು ತಿದ್ದುವುದು ಎಷ್ಟು ಕಷ್ಟವೆಂದು ಯಾವ ಗಾಯನ ಗುರುವನ್ನಾದರೂ ಕೇಳಿ. ತಂಬೂರಿ ಹಾಳಾದರೆ ರಿಪೇರಿಯಿದೆ.

ಆದ್ದರಿಂದ ಬಾಗೇವಾಡಿಯ ಹುಡುಗಿಗೆ ನಾಲ್ಕು ಅಡಿಯ ಸುಮಾರಿನ ಹೆಣ್ಣು ತಂಬೂರಿಯೇ ಸರಿ. ತಂತಿಯ ದಪ್ಪ ಬದಲಿಸಿ ಒಂದೆರಡು ಮನೆ ಆಚೀಚೆ ಹೊಂದಿಸಿಕೊಳ್ಳಬಹುದು, ಅದಕ್ಕಿಂತ ಹೆಚ್ಚು ಬೇಡ.

ಗಂಡುಮಕ್ಕಳ ಪಾಲಕರಿಗೆ ಒಂದು ಮಾತು. ಹನ್ನೆರಡು ವರ್ಷದ ಹುಡುಗನ ದನಿ ಹುಡುಗಿಯ ದನಿಯಷ್ಟೇ ಮೇಲಿರುತ್ತದೆ. ಹದಿಮೂರು-ಹದಿನಾಲ್ಕರ ಸುಮಾರಿಗೆ ಧ್ವನಿಪೆಟ್ಟಿಗೆ ಬೆಳೆಯುತ್ತದೆ, ಧ್ವನಿತಂತುಗಳು ಉದ್ದವೂ ದಪ್ಪವೂ ಆಗುತ್ತವೆ, ಮೆರ್ಸೆನ್ನನ ನಿಯಮ ಅಲ್ಲಿಯೂ ನಡೆಯುತ್ತದೆ. ದನಿ ಒಡೆದು ಸುಮಾರು ಒಂದು ಸಪ್ತಕ ಕೆಳಗಿಳಿಯುತ್ತದೆ. ಏಳನೆಯ ತರಗತಿಯ ಹುಡುಗನಿಗೆ ಇವತ್ತಿನ ಷಡ್ಜ ನೋಡಿ ತಂಬೂರಿ ತಂದರೆ ಮೂರು ವರ್ಷಕ್ಕೆ ಅದು ಅವನ ತಂಗಿಯ ಪಾಲು. ತಂಗಿ ಇಲ್ಲದವರು ದನಿ ನೆಲೆಗೊಳ್ಳುವವರೆಗೆ ಕಾಯುವುದೇ ಒಳ್ಳೆಯದು. ಅಲ್ಲಿಯವರೆಗೆ ಇಲೆಕ್ಟ್ರಾನಿಕ್ ತಂಬೂರಿ ಸಾಕು. ಬೆಂಗಳೂರಿನ ಜಿ. ರಾಜನಾರಾಯಣ್ ಅವರು 1979ರಲ್ಲಿ ರೂಪಿಸಿದ ಈ ಉಪಕರಣ ಈಗ ಮೊಬೈಲಿನೊಳಗೂ ಬಂದು ಕುಳಿತಿದೆ. ಆದರೆ ಮೊಬೈಲಿನ ಗುಂಡಿಯಷ್ಟು ಚಿಕ್ಕ ಸ್ಪೀಕರಿಗೆ 70 ಹರ್ಟ್ಸಿನ ಖರ್ಜವನ್ನು ಹೊರಡಿಸುವ ಶಕ್ತಿಯಿಲ್ಲ. ಮೇಲಿನ ಉಪಸ್ವರಗಳನ್ನು ಕೇಳಿ ನಮ್ಮ ಮೆದುಳು ಕೆಳಗಿನದನ್ನು ಊಹಿಸಿಕೊಳ್ಳುತ್ತದೆ. ಅಭ್ಯಾಸಕ್ಕೆ ಅದನ್ನು ದೊಡ್ಡ ಸ್ಪೀಕರಿಗೆ ಜೋಡಿಸಿಕೊಳ್ಳಿ.

ನಮ್ಮ ಜಿಲ್ಲೆಯವರಿಗೆ ತಂಬೂರಿಯೆಂದರೆ ಮಿರಜ್. ವಿಜಯಪುರದಿಂದ ಅಥಣಿಯ ಮೇಲೆಯೂ ಹೋಗಬಹುದು, ಜತ್ತದ ಮೇಲೆಯೂ ಹೋಗಬಹುದು. ಅಲ್ಲಿಯ ಕುಶಲಕರ್ಮಿಗಳ ಪೂರ್ವಜರು ಶಿಕಲಗಾರರು, ಕತ್ತಿ-ಭರ್ಜಿಗಳಿಗೆ ಸಾಣೆ ಹಿಡಿಯುತ್ತಿದ್ದವರು. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಆ ಕಸುಬಿಗೆ ಕೆಲಸ ಕಡಿಮೆಯಾದಾಗ ಫರೀದಸಾಹೇಬ ಶಿಕಲಗಾರರು ಪಟವರ್ಧನ ಸಂಸ್ಥಾನಿಕರ ಆಶ್ರಯದಲ್ಲಿ ವಾದ್ಯಗಳ ಕೆಲಸಕ್ಕೆ ತೊಡಗಿದರು. ಮುಂದೆ ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ಮಿರಜಿನಲ್ಲೇ ನೆಲೆಸಿದರು. ನಮ್ಮ ಕುಂದಗೋಳದ ಸವಾಯಿ ಗಂಧರ್ವರ ಗುರುಗಳು ಅವರು. 2024ರಲ್ಲಿ ಮಿರಜಿನ ಸಿತಾರ್ ಮತ್ತು ತಂಬೂರಿಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಅದಕ್ಕೆ ಒಂದು ವರ್ಷ ಮೊದಲು ನಮ್ಮ ಇಂಡಿಯ ಲಿಂಬೆಗೆ ದೊರೆತದ್ದು ಇದೇ ಮಾನ್ಯತೆ.

ಇಂಡಿ-ಸಿಂದಗಿಯವರಿಗೆ ಇನ್ನೂ ಒಂದು ನಂಟಿದೆ. ತಂಬೂರಿಯ ಬುರುಡೆ ಬರುವುದು ಪಂಢರಪುರದ ಕಡೆಯ ಹೊಲಗಳಿಂದ. ನಿಮ್ಮ ಗಡಿಯಲ್ಲಿ ಹರಿಯುವ ಭೀಮೆಯೇ ಮೇಲ್ಭಾಗದಲ್ಲಿ ಆ ಬಳ್ಳಿಗಳ ನೆಲವನ್ನು ದಾಟಿ ಬರುತ್ತದೆ. ಜನ ಅದನ್ನು ಕುಂಬಳಕಾಯಿ ಅನ್ನುತ್ತಾರೆ. ಮರಾಠಿಯಲ್ಲಿ ಎರಡಕ್ಕೂ ಭೋಪಳಾ ಎಂಬ ಒಂದೇ ಹೆಸರಿರುವುದರಿಂದ ಈ ಗೊಂದಲ. ಅದು ನಿಜವಾಗಿ ಕಹಿ ಸೋರೆ. ಹುಳುವಿಗೂ ಆ ಕಹಿ ಸೇರುವುದಿಲ್ಲ.

ಅಂಗಡಿಯಲ್ಲಿ ಏನು ನೋಡಬೇಕು? ಮಧ್ಯಮ ಬೆಲೆಯಲ್ಲಿ ಎಲ್ಲವೂ ಸಿಗುವುದಿಲ್ಲ, ಆದ್ದರಿಂದ ಕೆತ್ತನೆ, ಅಂಚಿನ ಹೂಬಳ್ಳಿ, ಹೊಳೆಯುವ ಪಾಲಿಶುಗಳನ್ನು ಬಿಟ್ಟುಬಿಡಿ. ಅವು ನಾದಕ್ಕೆ ಏನನ್ನೂ ಕೂಡಿಸುವುದಿಲ್ಲ, ಬೆಲೆಗೆ ಕೂಡಿಸುತ್ತವೆ. ಒಂದು ಕಣ್ಣು ಮುಚ್ಚಿ, ಬಡಿಗ ತನ್ನ ಪಟ್ಟಿಯನ್ನು ನೋಡುವಂತೆ, ದಂಡಿಯ ತುದಿಯಿಂದ ಬುರುಡೆಯ ಕಡೆ ನೋಡಿ. ತಿರುಚಿದ ದಂಡಿಯ ವಾದ್ಯವನ್ನು ಪುಕ್ಕಟೆ ಕೊಟ್ಟರೂ ಬೇಡ. ಬುರುಡೆಯನ್ನು ಬೆರಳಗಂಟಿನಿಂದ ಸುತ್ತಲೂ ಮೆಲ್ಲಗೆ ತಟ್ಟಿ. ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಒಡಕಲು ಸಪ್ಪಳ ಬಂದರೆ ಒಳಗೆ ಬಿರುಕಿದೆ. ಬಿರಡೆಗಳನ್ನು ತಿರುಗಿಸಿ ಬಿಟ್ಟು ನೋಡಿ, ನಿಂತಲ್ಲೇ ನಿಲ್ಲಬೇಕು. ಸ್ವಲ್ಪ ಜಾರಿದರೆ ಚಿಂತೆಯಿಲ್ಲ, ಸೀಮೆಸುಣ್ಣದ ಪುಡಿ ಸಾಕು. ಶಿಕ್ಷಕರ ಮನೆಯಲ್ಲಿ ಅದಕ್ಕೇನು ಬರ?

ಹಣವನ್ನು ನಿಜವಾಗಿ ಸುರಿಯಬೇಕಾದದ್ದು ಕುದುರೆಯ ಮೇಲೆ. ಎರಡು ಬೆರಳಗಲದ ಆ ತುಂಡಿನ ಮೇಲ್ಮೈ ಚಪ್ಪಟೆಯಾಗಿ ಕಂಡರೂ ಚಪ್ಪಟೆಯಲ್ಲ, ತೀರ ಸಣ್ಣಗೆ ಇಳಿಜಾರಾಗಿ ಬಾಗಿರುತ್ತದೆ. ಕಂಪಿಸುವ ತಂತಿ ಆ ಇಳಿಜಾರನ್ನು ಮತ್ತೆ ಮತ್ತೆ ಸವರುತ್ತದೆ. ಇದಕ್ಕೆ ಜವಾರಿ ಎನ್ನುತ್ತಾರೆ. (ನಮ್ಮ ಜವಾರಿ ಜೋಳಕ್ಕೂ ಇದಕ್ಕೂ ಸಂಬಂಧವಿಲ್ಲ.) ತಂತಿ ಮತ್ತು ಕುದುರೆಯ ನಡುವೆ ಒಂದು ಎಳೆ ನೂಲನ್ನು ತೂರಿಸಿ ಹಿಂದೆ ಮುಂದೆ ಸರಿಸಿದಾಗ ಒಂದು ಜಾಗದಲ್ಲಿ ನಾದ ತಟ್ಟನೆ ಅರಳುತ್ತದೆ. ಆ ನೂಲಿಗೆ ಜೀವಾ ಎಂದು ಹೆಸರು.

1921ರಲ್ಲಿ ಕಲಕತ್ತೆಯಲ್ಲಿದ್ದ ಸಿ. ವಿ. ರಾಮನ್ ಅವರು ತಂಬೂರಿ ಮತ್ತು ವೀಣೆಗಳ ಬಗ್ಗೆ ಒಂದು ಚಿಕ್ಕ ಪ್ರಬಂಧ ಬರೆದರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೋ, ಅಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಆ ನಾದದಲ್ಲಿ ಹುಟ್ಟಬಾರದು ಎಂಬುದು ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸ್ ಅವರ ನಿಯಮ. ತಂತಿಯನ್ನು ನಟ್ಟನಡುವೆ ಮೀಟಿದರೆ ಎರಡನೆಯದು, ನಾಲ್ಕನೆಯದು ಕೇಳಿಸಬಾರದು. ತಂಬೂರಿಯಲ್ಲಿ ಕೇಳಿಸುತ್ತವೆ! ಬಾಗಿದ ಕುದುರೆ ಆ ನಿಯಮವನ್ನು ಮುರಿಯುತ್ತದೆ ಎಂದು ರಾಮನ್ ತೋರಿಸಿದರು. ವಿದ್ಯಾರ್ಥಿ ಮಿತ್ರರೇ, ಇದನ್ನು ನೀವು ಅಂಗಡಿಯಲ್ಲೇ ಪರೀಕ್ಷಿಸಬಹುದು. ಪ್ರತಿಯೊಂದು ತಂತಿಯನ್ನೂ ಸರಿ ಮಧ್ಯದಲ್ಲಿ ಮೀಟಿ ಕಿವಿಗೊಡಿ. ಜೀವಾ ಸರಿಯಾದ ಜಾಗದಲ್ಲಿದ್ದಾಗ ಮೇಲಿನ ಸ್ವರಗಳ ಸಾಲು ಒಂದಾದ ಮೇಲೊಂದು ಕೇಳಿಬರಬೇಕು, ಬೇಗ ಆರಬಾರದು. ಎಲ್ಲ ತಂತಿಗಳಲ್ಲೂ ನೂಲು ಹೆಚ್ಚುಕಡಿಮೆ ಒಂದೇ ಸಾಲಿಗೆ ಬಂದು ನಿಂತರೆ ಜವಾರಿ ಮಾಡಿದ ಕೈ ಪಳಗಿದ ಕೈ. ಒಂದು ತಂತಿ ಅರಳಿ ಇನ್ನೊಂದು ಮಂಕಾಗಿದ್ದರೆ ಅಲ್ಲಿಯೇ ಕುಳಿತು ಮತ್ತೆ ಮಾಡಿಸಿಕೊಳ್ಳಿ. ಸಂಕೋಚ ಬೇಡ, ಅವರು ಬೇಸರಿಸುವುದಿಲ್ಲ, ಅದು ಅವರ ವಿದ್ಯೆ.

ಇನ್ನು ಐದನೆಯ ತಂತಿ. ಯಮನ್, ಬಿಹಾಗ್‌ನಂಥ ರಾಗಗಳಲ್ಲಿ ಪಂಚಮದ ಜೊತೆಗೆ ನಿಷಾದವೂ ನಿರಂತರ ನುಡಿಯುತ್ತಿದ್ದರೆ ವಾತಾವರಣ ತುಂಬಿಕೊಳ್ಳುತ್ತದೆ, ನಿಜ. ಆದರೆ ಪಂಚಮವಿಲ್ಲದ ಮಾಲಕಂಸಕ್ಕೆ ಮೊದಲ ತಂತಿಯನ್ನೇ ಮಧ್ಯಮಕ್ಕೂ, ಮಾರವಾಕ್ಕೆ ನಿಷಾದಕ್ಕೂ ತಿರುಗಿಸಿಕೊಂಡರಾಯಿತು, ಅದಕ್ಕೆ ನಾಲ್ಕೇ ಸಾಕು. ಐದು ತಂತಿಯ ತೊಡಕು ಎರಡು. ಮೊದಲನೆಯದು, ಹಲಗೆ ಮತ್ತು ದಂಡಿಯ ಮೇಲಿನ ಒಟ್ಟು ಎಳೆತ ಸುಮಾರು ಕಾಲುಪಾಲು ಹೆಚ್ಚುತ್ತದೆ. ತೆಳ್ಳಗೆ ಮಾಡಿದ ಅಗ್ಗದ ತಂಬೂರಿ ಅದನ್ನು ಬಹುಕಾಲ ತಾಳಲಾರದು. ಎರಡನೆಯದು ಕಿವಿಗೆ ಸಂಬಂಧಿಸಿದ್ದು. ಜೋಡಿ ಷಡ್ಜಗಳನ್ನು ಕೂಡಿಸುವಾಗ ಒಂದರ ಆವೃತ್ತಿ 196, ಇನ್ನೊಂದರದು 197 ಇದ್ದರೆ ಸೆಕೆಂಡಿಗೆ ಒಂದು ಸಲ ನಾದ ಉಬ್ಬಿ ಇಳಿಯುತ್ತದೆ. ಮಣಿಯನ್ನು ಕೂದಲೆಳೆಯಷ್ಟು ಸರಿಸಿದಂತೆ ಆ ಅಲೆ ನಿಧಾನವಾಗಿ ನಿಂತುಹೋಗುತ್ತದೆ. ಸಂಗೀತ ಗೊತ್ತಿಲ್ಲದ ತಾಯಿಯೂ ಅಡುಗೆಮನೆಯಿಂದಲೇ ಇದನ್ನು ಗುರುತಿಸಬಲ್ಲಳು. ನಿಷಾದಕ್ಕೆ ಅಂಥ ಸುಲಭದ ಸಾಕ್ಷಿಯಿಲ್ಲ. ಅದು ಷಡ್ಜಕ್ಕೆ ತೀರ ಹತ್ತಿರ, 196ರ ಪಕ್ಕದಲ್ಲಿ ಸುಮಾರು 184. ಅದರ ಸರಿಯಾದ ಜಾಗವನ್ನು ಪಳಗಿದ ಕಿವಿ ಮಾತ್ರ ಹಿಡಿಯುತ್ತದೆ. ತಪ್ಪು ನಿಷಾದವನ್ನು ದಿನಕ್ಕೆ ಎರಡು ತಾಸು ಕೇಳುತ್ತ ಬೆಳೆದ ಮಗುವಿಗೆ ಮುಂದೆ ಅದೇ ಸರಿಯಾಗಿ ಕೇಳಿಸುತ್ತದೆ.

ಹಾಗಾಗಿ ಬಾಗೇವಾಡಿಯ ಪಾಲಕರಿಗೆ ನನ್ನ ಸಲಹೆ ಇದು. ನಿಮ್ಮ ಹಣದಲ್ಲಿ ದಂಡಿ ಗಟ್ಟಿಯಿರುವ, ಹಲಗೆ ದಪ್ಪವಿರುವ ಐದು ಬಿರಡೆಯ ತಂಬೂರಿ ಸಿಕ್ಕರೆ ತನ್ನಿರಿ, ಆದರೆ ನಿಷಾದದ ತಂತಿಯನ್ನು ಹಾಕಬೇಡಿ. ಗುರುಗಳು ‘ಈಗ ಹಾಕು’ ಎಂದಾಗ ಹಾಕಿದರಾಯಿತು. ಐದು ಬಿರಡೆಗಾಗಿ ಮರದಲ್ಲೋ ಬುರುಡೆಯಲ್ಲೋ ರಾಜಿಯಾಗಬೇಕಾದರೆ ನಾಲ್ಕರದನ್ನೇ ಆರಿಸಿ. ಹಳೆಯ ತಂಬೂರಿಯನ್ನೂ ಕೀಳಾಗಿ ಕಾಣಬೇಡಿ. ವಿಜಯಪುರ, ಗದಗ, ಧಾರವಾಡಗಳಲ್ಲಿ ಹಾಡುವವರಿಲ್ಲದೆ ಗೋಡೆಗೆ ಒರಗಿರುವ ಒಳ್ಳೆಯ ವಾದ್ಯಗಳಿವೆ. ಬುರುಡೆಗೆ ಬೆಸುಗೆಯಿದ್ದರೂ ನಡೆಯುತ್ತದೆ, ದಂಡಿ ಮಾತ್ರ ನೆಟ್ಟಗಿರಬೇಕು.

ಕೂಡಿಸಿಟ್ಟ ಹಣವನ್ನೆಲ್ಲ ವಾದ್ಯಕ್ಕೇ ಸುರಿಯಬೇಡಿ. ಮೆತ್ತನೆಯ ಗವಸಣಿಗೆ, ಎರಡು ಜೊತೆ ತಂತಿಗೆ, ಪ್ರಯಾಣಕ್ಕೆ ಸ್ವಲ್ಪ ಉಳಿಸಿಕೊಳ್ಳಿ. ತಂತಿ ಉಜ್ಜಿ ಉಜ್ಜಿ ಕುದುರೆಯ ಮೇಲೆ ಗೀರು ಬೀಳುವುದರಿಂದ ಒಂದೆರಡು ವರ್ಷಕ್ಕೊಮ್ಮೆ ಜವಾರಿಯನ್ನು ಮತ್ತೆ ತೆಗೆಸಬೇಕಾಗುತ್ತದೆ, ಅದಕ್ಕೂ ಇರಲಿ. ನಮ್ಮ ಬೇಸಿಗೆಯಲ್ಲಿ ಪತ್ರಾಸಿನ ಮನೆಯೊಳಗೆ ಮರ ಒಣಗಿ ಸೀಳುತ್ತದೆ. ತಂಬೂರಿಯನ್ನು ತಂಪಾದ ಒಳಗೋಡೆಗೆ ಒರಗಿಸಿ, ಪರೀಕ್ಷೆಯ ದಿನಗಳಲ್ಲಿ ತಿಂಗಳುಗಟ್ಟಲೆ ಮುಟ್ಟುವುದಿಲ್ಲವಾದರೆ ತಂತಿಗಳನ್ನು ಸ್ವಲ್ಪ ಇಳಿಸಿ ಇಡಿ. ಮಿರಜಿನಿಂದ ತರುವಾಗ ಬಸ್ಸಿನ ಟಾಪಿಗೆ ಹಾಕಬೇಡಿ, ಡಿಕ್ಕಿಗೂ ಬೇಡ. ಅದಕ್ಕೊಂದು ಸೀಟಿನ ಟಿಕೀಟು ತೆಗೆಸಿ ಕಿಟಕಿಯ ಪಕ್ಕ ಕೂಡಿಸಿ. ಕಂಡಕ್ಟರ್ ನಕ್ಕರೆ ನಗಲಿ.