ಕೋವಿಗೆ ಪರವಾನಗಿ ಉಂಟು, ಮದ್ದಿಗೆ ಯಾರು ಹೊಣೆ?

ಚುನಾವಣೆ ಘೋಷಣೆಯಾದೊಡನೆ ಮಲೆನಾಡು ಮತ್ತು ಕೊಡಗಿನ ಪೊಲೀಸ್ ಠಾಣೆಗಳಲ್ಲಿ ಕೋವಿಗಳ ರಾಶಿ ಬೀಳುತ್ತದೆ. ಬೆಳೆರಕ್ಷಣೆಗೆಂದು ಪರವಾನಗಿ ಪಡೆದ ರೈತರು ಠೇವಣಿ ಇರಿಸಿ, ರಸೀದಿ ಪಡೆದು, ಮತದಾನ ಮುಗಿಯುವ ತನಕ ಹಂದಿ, ಮಂಗಗಳಿಗೆ ತೋಟವನ್ನು ಒಪ್ಪಿಸಿ ಕಾಯುತ್ತಾರೆ. ಹೀಗೆ ಠಾಣೆಗೆ ಬರುವ ಆಯುಧಗಳಲ್ಲಿ ನಳಿಗೆಯ ಬಾಯಿಂದಲೇ ಮದ್ದು ತುಂಬಿ, ಸರಳಿನಿಂದ ಜಡಿದು, ಹಿಂಬದಿಯ ಮೊಲೆಗೆ ಕೇಪು ಸಿಕ್ಕಿಸಿ ಹಾರಿಸುವ ಒಂಟಿ ನಳಿಗೆಯ ಕೋವಿಗಳೂ ಇರುತ್ತವೆ. ಜನ ಅದನ್ನು ಕೇಪಿನ ಕೋವಿ ಎನ್ನುತ್ತಾರೆ. ಸರ್ಕಾರಿ ಕಡತದಲ್ಲಿ ಅದು ಎಸ್‌ಬಿಎಂಎಲ್. ಈ ಕೋವಿಯ ಸಂಖ್ಯೆ, ಒಡೆಯನ ಭಾವಚಿತ್ರ, ನವೀಕರಣದ ದಿನಾಂಕ ಎಲ್ಲವೂ ದಾಖಲೆಯಲ್ಲಿ ಉಂಟು. ಅದರ ಹೊಟ್ಟೆಗೆ ಬೀಳುವ ಮದ್ದು ಎಂಥದು, ಎಲ್ಲಿಯದು ಎಂಬ ಪ್ರಶ್ನೆಗೆ ಮಾತ್ರ ನಮ್ಮ ಆಡಳಿತ ತಲೆ ಕೆಡಿಸಿಕೊಂಡಂತೆ ಕಾಣುವುದಿಲ್ಲ.

ತೋಟಾ ಕೋವಿ ಇರುವವನಿಗೆ ಈ ಸಂಕಟ ಇಲ್ಲ. ಖಡ್ಕಿಯ ಸರ್ಕಾರಿ ಕಾರ್ಖಾನೆಯ 'ಶಕ್ತಿಮಾನ್' ತೋಟಾವನ್ನು ಆತ ಪರವಾನಗಿ ತೋರಿಸಿ ಅಂಗಡಿಯಲ್ಲಿ ಕೊಳ್ಳುತ್ತಾನೆ. ಒಳಗಿನ ಮದ್ದಿನ ತೂಕ, ಚರೆಯ ಗಾತ್ರ ಎರಡನ್ನೂ ಕಾರ್ಖಾನೆಯೇ ನಿಗದಿ ಮಾಡಿರುತ್ತದೆ. ಕೇಪಿನ ಕೋವಿಯವನಾದರೋ ತಾನೇ ಅಳೆದು ತುಂಬಬೇಕು. ಕೋವಿ ಕೊಳ್ಳಲು ಹಣವಿಲ್ಲದ, ಅಜ್ಜನ ಕಾಲದ ಆಯುಧವನ್ನೇ ಕಾಪಾಡಿಕೊಂಡು ಬಂದ ಸಣ್ಣ ಹಿಡುವಳಿದಾರನೇ ಹೆಚ್ಚಾಗಿ ಈ ವರ್ಗಕ್ಕೆ ಸೇರಿದವನು ಎಂಬುದನ್ನು ಮರೆಯಬಾರದು.

ಕರಿಮದ್ದು ಎಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಮಿಶ್ರಣವೆಂದು ಶಾಲಾ ಮಕ್ಕಳಿಗೂ ಗೊತ್ತು. ಆದರೆ ಮದ್ದಿನ ಗುಣವನ್ನು ನಿರ್ಧರಿಸುವುದು ಈ ಮೂರರ ಹೆಸರಲ್ಲ. ಅವು ಎಷ್ಟು ನುಣ್ಣಗೆ ಬೆರೆತಿವೆ, ಇದ್ದಿಲು ಯಾವ ಮರದ್ದು, ಕೊನೆಗೆ ಕಾಳು ಎಷ್ಟು ದಪ್ಪ ಎಂಬುದು. ಕಾಳು ಸಣ್ಣದಾದಷ್ಟೂ ಬೆಂಕಿಗೆ ಸಿಗುವ ಮೈ ಹೆಚ್ಚು, ಉರಿಯುವ ವೇಗವೂ ಹೆಚ್ಚು, ನಳಿಗೆಯೊಳಗಿನ ಒತ್ತಡವೂ ಹೆಚ್ಚು. ಆದ್ದರಿಂದಲೇ ಹೊರದೇಶಗಳಲ್ಲಿ ಮದ್ದಿನ ಡಬ್ಬಿಯ ಮೇಲೆ ಕಾಳಿನ ದರ್ಜೆ ಮುದ್ರಿತವಾಗಿರುತ್ತದೆ: ಎಫ್ ಅಕ್ಷರ ಒಂದಿದ್ದರೆ ದಪ್ಪ ಕಾಳು, ದೊಡ್ಡ ಬಾಯಿಯ ಬಂದೂಕಿಗೆ, ಎರಡಿದ್ದರೆ ಸಾಧಾರಣ ರೈಫಲ್ಲಿಗೆ, ಮೂರಿದ್ದರೆ ಸಣ್ಣ ನಳಿಗೆ ಮತ್ತು ಪಿಸ್ತೂಲಿಗೆ, ನಾಲ್ಕಿದ್ದರೆ ಚಕಮಕಿ ಕಲ್ಲಿನ ಕೋವಿಯ ಕಿವಿಗೆ ಹಾಕುವ ಪುಡಿ. ಈ ಎಫ್‌ಗಳ ಲೆಕ್ಕ ತಪ್ಪಿದರೆ ಗುರಿಯೂ ತಪ್ಪುತ್ತದೆ. ಹಳೆಯ, ತುಕ್ಕು ತಿಂದ ನಳಿಗೆಯಾದರೆ ಇನ್ನೂ ಹೆಚ್ಚಿನದು ತಪ್ಪೀತು.

ಸ್ವಿಟ್ಜರ್ಲೆಂಡಿನ ಒಬಾನ್ ಎಂಬ ಊರಿನಲ್ಲಿ 1853ರಿಂದ ಮದ್ದು ತಯಾರಾಗುತ್ತಿದೆ. ಗುರಿಕಾರರು ಅದನ್ನೇ ಶ್ರೇಷ್ಠವೆಂದು ಎಣಿಸುತ್ತಾರೆ. ಜರ್ಮನಿಯ 'ಶುಟ್ಸೆನ್' ಅದಕ್ಕಿಂತ ಅಗ್ಗ, ಕೊಂಚ ಸೌಮ್ಯ. ಅಮೆರಿಕದವರ 'ಗೊಯೆಕ್ಸ್' ಡ್ಯುಪಾಂಟ್ ಕಂಪನಿಯ ಹಳೆಯ ಮದ್ದಿನ ವಂಶಜ. ಇವುಗಳ ಜೊತೆಗೆ 1970ರ ದಶಕದಲ್ಲಿ 'ಪೈರೋಡೆಕ್ಸ್' ಎಂಬ ಬದಲಿ ಮದ್ದು ಬಂತು. ಇದಕ್ಕೆ ಬೆಂಕಿ ಹತ್ತಲು ಹೆಚ್ಚಿನ ಬಿಸಿ ಬೇಕು. ಹಾಗಾಗಿ ಸಾಗಣೆ, ದಾಸ್ತಾನುಗಳ ನಿಯಮ ಸಡಿಲ. ಅದೇ ಕಾರಣದಿಂದ ಚಕಮಕಿ ಕೋವಿಯಲ್ಲಿ ಅದು ಸರಿಯಾಗಿ ಹೊತ್ತುವುದಿಲ್ಲ. ಕರಿಮದ್ದಿಗಿಂತ ಹಗುರವಾದ್ದರಿಂದ ಅದನ್ನು ತೂಕದಿಂದಲ್ಲ, ಅಳತೆಯ ಲೋಟದಿಂದ ತುಂಬಬೇಕು. ಇಷ್ಟೆಲ್ಲ ಆಯ್ಕೆ ಇದ್ದ ಅಮೆರಿಕವೂ 2021ರಲ್ಲಿ ಬೆಚ್ಚಿತು. ಲೂಯಿಸಿಯಾನದ ಮಿಂಡೆನ್‌ನಲ್ಲಿದ್ದ ಗೊಯೆಕ್ಸ್ ಕಾರ್ಖಾನೆಯನ್ನು ಮುಚ್ಚುವುದಾಗಿ ಒಡೆಯರು ಪ್ರಕಟಿಸಿದಾಗ, ದೇಶದಲ್ಲಿ ಕರಿಮದ್ದು ಮಾಡುವ ಇನ್ನೊಂದು ಕಾರ್ಖಾನೆ ಉಳಿದಿರಲಿಲ್ಲ. ಮರುವರ್ಷ ಬೇರೊಂದು ಕಂಪನಿ ಅದನ್ನು ಕೊಂಡುಕೊಂಡಿತು. ಮಾರುಕಟ್ಟೆಯನ್ನು ನಂಬಿದ ದೇಶದಲ್ಲೂ ಮದ್ದಿನ ಸರಬರಾಜು ಒಂದೇ ಎಳೆಯ ಮೇಲೆ ತೂಗುತ್ತಿತ್ತು.

ಕಾನೂನಿನ ವಿಚಾರದಲ್ಲಿ ಎರಡು ದಾರಿಗಳಿವೆ. ಕಾರ್ಖಾನೆಯಲ್ಲಿ ತಯಾರಾದ ಕರಿಮದ್ದನ್ನು 50 ಪೌಂಡಿನವರೆಗೆ ಪುರಾತನ ಮಾದರಿಯ ಆಯುಧಗಳಲ್ಲಿ ಕ್ರೀಡೆ, ಹವ್ಯಾಸಗಳಿಗಾಗಿ ಬಳಸಲು ಅಮೆರಿಕದ ಕೇಂದ್ರ ಕಾನೂನು ವಿನಾಯಿತಿ ಕೊಡುತ್ತದೆ. ಬ್ರಿಟನ್ನಿನಲ್ಲಿ ಹಾಗಲ್ಲ, ಅಲ್ಲಿ ಕೊಳ್ಳಲೂ ಇಟ್ಟುಕೊಳ್ಳಲೂ ಪೊಲೀಸರಿಂದ ಪ್ರತ್ಯೇಕ ಸ್ಫೋಟಕ ಪ್ರಮಾಣಪತ್ರ ಬೇಕು. ಅಮೆರಿಕದ ಔದಾರ್ಯ ನಮಗೆ ಒಗ್ಗದು, ಒಗ್ಗಲೂಬಾರದು. ಆದರೆ ಬ್ರಿಟನ್ನಿನ ಬಿಗಿ ಪದ್ಧತಿಯಲ್ಲೂ ಪ್ರಮಾಣಪತ್ರ ಹಿಡಿದು ಹೋದವನಿಗೆ ದರ್ಜೆ ಬರೆದ, ಪರೀಕ್ಷೆಗೊಳಗಾದ ಮದ್ದು ಸಿಗುತ್ತದೆ ಎಂಬುದನ್ನು ಗಮನಿಸಬೇಕು. ಬಿಗಿಯಾದ ನಿಯಮಕ್ಕೂ ಸರಿಯಾದ ಪೂರೈಕೆಗೂ ವೈರವಿಲ್ಲ.

ನಮ್ಮ ಸ್ಫೋಟಕ ಕಾಯ್ದೆ 1884ರದು. ಸ್ಫೋಟಕವೆಂದರೇನು ಎಂಬ ಅದರ ವ್ಯಾಖ್ಯೆಯಲ್ಲಿ ಮೊದಲು ಬರುವ ಹೆಸರೇ ಕೋವಿಮದ್ದು. 2008ರ ಸ್ಫೋಟಕ ನಿಯಮಗಳ ವರ್ಗೀಕರಣದಲ್ಲೂ ಅದಕ್ಕೆ ಒಂದನೆಯ ವರ್ಗ. ಕೋವಿಯದು 1959ರ ಶಸ್ತ್ರಾಸ್ತ್ರ ಕಾಯ್ದೆ, 2016ರ ನಿಯಮಗಳು. ಮದ್ದಿನದು ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಸ್ಫೋಟಕ ಸುರಕ್ಷತಾ ಸಂಸ್ಥೆಯ ಲೋಕ. ಈ ಎರಡು ಲೋಕಗಳ ನಡುವೆ ನಿಂತ ರೈತನಿಗೆ ಕೊನೆಗೆ ಹತ್ತಿರವಾಗುವುದು ಪಟಾಕಿಯ ಪುಡಿ ಅಥವಾ ಯಾರೋ ಗುಟ್ಟಾಗಿ ಅರೆದು ಕೊಟ್ಟ ಮದ್ದು. ಅಪಾಯ ಇರುವುದೇ ಇಲ್ಲಿ. ಸದ್ದಿಗಾಗಿ ಮಾಡಿದ ಪಟಾಕಿಯಲ್ಲಿ ಅಲ್ಯುಮಿನಿಯಂ ಪುಡಿ ಬೆರೆತಿರುತ್ತದೆ. ಅದು ಗುಂಡನ್ನು ತಳ್ಳುವ ಮದ್ದಲ್ಲ, ಒಮ್ಮೆಲೇ ಸಿಡಿಯುವ ಮದ್ದು. ಕ್ಲೋರೇಟ್ ಜೊತೆ ಗಂಧಕ ಬೆರೆಸುವುದನ್ನು 1992ರಲ್ಲೇ ಪಟಾಕಿ ತಯಾರಿಕೆಯಲ್ಲಿ ನಿಷೇಧಿಸಲಾಗಿದೆ, ಉಜ್ಜಿದರೂ ಹೊತ್ತಿಕೊಳ್ಳುವಷ್ಟು ಸೂಕ್ಷ್ಮವಾದ ಮಿಶ್ರಣ ಅದು. ತೋಟಾದಿಂದ ಬಿಚ್ಚಿದ ಹೊಗೆರಹಿತ ಮದ್ದನ್ನು ಕೇಪಿನ ಕೋವಿಗೆ ಸುರಿಯುವ ಸಾಹಸವಂತೂ ನಳಿಗೆಯನ್ನು ಮುಖದೆದುರೇ ಸೀಳಬಲ್ಲದು. ಕರಿಮದ್ದಿನ ಒತ್ತಡಕ್ಕೆ ಕಟ್ಟಿದ ಕಬ್ಬಿಣ ಅದನ್ನು ತಾಳಲಾರದು.

ವಿಪರ್ಯಾಸವೆಂದರೆ ಒಂದು ಕಾಲಕ್ಕೆ ಜಗತ್ತಿನ ಮದ್ದಿಗೆ ಉಪ್ಪು ಒದಗಿಸಿದ ದೇಶ ನಮ್ಮದು. ಬಿಹಾರದ ಮಣ್ಣಿನಿಂದ ತೆಗೆದ ಪೆಟ್ಲುಪ್ಪು ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಲಂಡನ್ನಿಗೆ ಹೋಗುತ್ತಿತ್ತು. 1861ರಲ್ಲಿ, ಅಂತರ್ಯುದ್ಧದ ನಡುವೆ, ಲಿಂಕನ್ ಸರ್ಕಾರದ ಪರವಾಗಿ ಲ್ಯಾಮಟ್ ಡ್ಯುಪಾಂಟ್ ಇಂಗ್ಲೆಂಡಿಗೆ ಬಂದು ಕೊಂಡದ್ದು ಇದೇ ಭಾರತದ ಉಪ್ಪನ್ನು. 'ಟ್ರೆಂಟ್' ಹಡಗಿನ ವಿವಾದದಿಂದ ಮುನಿದ ಬ್ರಿಟನ್ ಅದನ್ನು ಕೆಲಕಾಲ ತಡೆದು ನಿಲ್ಲಿಸಿತ್ತು. ನಮ್ಮ ರಾಜ್ಯದಲ್ಲೇ ಶ್ರೀರಂಗಪಟ್ಟಣದ ಮದ್ದಿನಮನೆಯೊಂದನ್ನು 2017ರಲ್ಲಿ ಜೋಡಿ ರೈಲುಮಾರ್ಗಕ್ಕಾಗಿ ಇಡಿಯಾಗಿ ಎತ್ತಿ ಸರಿಸಲಾಯಿತು. ಹಳೆಯ ಮದ್ದಿನಮನೆಗೆ ತೋರಿದ ಈ ಕಾಳಜಿಯಲ್ಲಿ ಒಂದು ಪಾಲು ಇಂದಿನ ಮದ್ದಿಗೂ ಸಿಗಬಾರದೇ?

ಕೊಡಗಿನ ಸ್ಥಿತಿ ತುಸು ಬೇರೆ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಟ್ಟ ವಿನಾಯಿತಿಯ ಮುಂದುವರಿಕೆಯಾಗಿ ಕೊಡವರೂ ಜಮ್ಮಾ ಹಿಡುವಳಿದಾರರೂ ಪರವಾನಗಿಯಿಲ್ಲದೆ ಕೋವಿ ಹೊಂದಬಹುದು. ಕೇಂದ್ರ ಸರ್ಕಾರ 2019ರಲ್ಲಿ ಇದನ್ನು 2029ರ ಅಕ್ಟೋಬರ್‌ವರೆಗೆ ವಿಸ್ತರಿಸಿತು; ರಾಜ್ಯ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಕೈಲ್‌ಪೊಳ್ದ್‌ನಲ್ಲಿ ಕೋವಿಗೆ ಹೂವೇರಿಸಿ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುರಿ. ಪುತ್ತರಿಯಲ್ಲಿ ಕದಿರು ಕೊಯ್ಯುವ ಮುನ್ನ ಒಂದು ಗುಂಡು. ಗಂಡು ಮಗು ಹುಟ್ಟಿದರೆ ಒಂದು, ಸಾವಾದರೆ ಎರಡು. ಕೋವಿ ಇಲ್ಲಿ ಮನೆಯ ಸದಸ್ಯನಂತೆ. ವಿನಾಯಿತಿಯ ಪರ, ವಿರೋಧ ವಾದಗಳಲ್ಲಿ ಆಯುಧದ ಹಕ್ಕು, ಪರಂಪರೆ, ಸಮಾನತೆಗಳೆಲ್ಲ ಚರ್ಚೆಯಾದವು. ಮದ್ದಿನ ಮಾತು ಯಾರ ನಾಲಿಗೆಯಲ್ಲೂ ಆಡಿದಂತಿಲ್ಲ.

ಮದ್ದು ಸುಲಭವಾಗಿ ಸಿಗುವಂತಾದರೆ ಅದು ದುಷ್ಟರ ಕೈ ಸೇರೀತು ಎಂಬ ಆಕ್ಷೇಪವನ್ನು ಹಗುರವಾಗಿ ಕಾಣಲಾಗದು. 2020ರ ಮೇ ತಿಂಗಳಲ್ಲಿ ಪಾಲಕ್ಕಾಡಿನ ಬಳಿ ಗರ್ಭಿಣಿ ಆನೆಯೊಂದು ಹಣ್ಣಿನೊಳಗಿಟ್ಟ ಸಿಡಿಮದ್ದನ್ನು ಕಚ್ಚಿ ನೀರಿನಲ್ಲಿ ನಿಂತೇ ಸತ್ತದ್ದು ನೆನಪಿದೆ. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡು ಸ್ಫೋಟ ಇಡೀ ಜಿಲ್ಲೆಯನ್ನು ನಡುಗಿಸಿತು. ಆದರೆ ಹಂದಿ ಕೊಲ್ಲಲು ಸಿಡಿಮದ್ದು ಕಟ್ಟುವವನು ಅಂಗಡಿಗೆ ಹೋಗಿ ಪುಸ್ತಕದಲ್ಲಿ ಸಹಿ ಹಾಕಿ ಮದ್ದು ಕೊಳ್ಳುವುದಿಲ್ಲ. ಲೆಕ್ಕವಿಲ್ಲದ ಗುಟ್ಟಿನ ಮದ್ದೇ ಅವನ ಆಸರೆ. ಆ ಗುಟ್ಟಿನ ಮಾರುಕಟ್ಟೆಗೆ ಪರವಾನಗಿದಾರ ರೈತನನ್ನೂ ಗಿರಾಕಿಯಾಗಿ ದೂಡಿರುವುದು ಯಾವ ಸುರಕ್ಷತೆ? ಇನ್ನು ವನ್ಯಜೀವಿಗಳ ಪ್ರಶ್ನೆ: 1972ರ ಕಾಯ್ದೆ ಕೊಲ್ಲುವುದನ್ನು ತಡೆಯುತ್ತದೆ, ಬೆದರಿಸುವುದನ್ನಲ್ಲ. ಗುಂಡಿಲ್ಲದೆ ಮದ್ದು ಮಾತ್ರ ತುಂಬಿ ಸದ್ದು ಮಾಡುವುದಕ್ಕೆ ಕೇಪಿನ ಕೋವಿಯಷ್ಟು ಒಗ್ಗುವ ಸಾಧನ ಬೇರೊಂದಿಲ್ಲ.

ಹೊಸ ಕಾಯ್ದೆಯೇನೂ ಬೇಕಿಲ್ಲ. ತೋಟಾ ತಯಾರಿಸುವ ಸರ್ಕಾರಿ ಕಾರ್ಖಾನೆಗಳು 2021ರಿಂದ ಮ್ಯೂನಿಷನ್ಸ್ ಇಂಡಿಯಾ ಎಂಬ ಸಾರ್ವಜನಿಕ ಕಂಪನಿಯ ಅಡಿಯಲ್ಲಿವೆ. ಕೇಪಿನ ಕೋವಿಗೆ ತಕ್ಕ ಒಂದೆರಡು ದರ್ಜೆಯ ಕಾಳುಮದ್ದನ್ನು ಸಣ್ಣ ಡಬ್ಬಿಗಳಲ್ಲಿ ತಯಾರಿಸಿ, ಕನ್ನಡದಲ್ಲಿ ಅಳತೆ ಮುದ್ರಿಸಿ, ತೋಟಾ ಮಾರುವ ಪರವಾನಗಿ ಅಂಗಡಿಗಳ ಮೂಲಕವೇ ಕೊಡಿಸಲಿ. ವರ್ಷಕ್ಕಿಷ್ಟು ಎಂಬ ಮಿತಿ, ಕೋವಿಯ ಪುಸ್ತಕದಲ್ಲೇ ಖರೀದಿಯ ನಮೂದು, ನವೀಕರಣದ ವೇಳೆ ನಳಿಗೆಯ ತಪಾಸಣೆ ಕಡ್ಡಾಯವಾಗಲಿ. ಕೊಡಗಿನ ವಿನಾಯಿತಿ 2029ರಲ್ಲಿ ಮತ್ತೆ ಪರಿಶೀಲನೆಗೆ ಬರಲಿದೆ. ಆ ಕಡತ ದೆಹಲಿಗೆ ಹೋಗುವ ಮುನ್ನ ಮದ್ದಿನ ಪೂರೈಕೆಯ ಪ್ರಸ್ತಾವವನ್ನೂ ಅದರ ಜೊತೆಗಿರಿಸುವ ಕೆಲಸವನ್ನು ರಾಜ್ಯದ ಗೃಹ ಇಲಾಖೆ ಈಗಲೇ ಆರಂಭಿಸಬೇಕು.