ಡೈನೋ ಚೀಟಿ ಮತ್ತು ಕಬ್ಬಿನ ತೂಕದ ಚೀಟಿ

ಬಹಳ ದಿನದಿಂದ ಬರೀಬೇಕು ಅಂತಿದ್ದ ವಿಷಯ ಇದು. ಬರೆದರೆ ನನ್ನ ಮರ್ಯಾದೆ ಸ್ವಲ್ಪ ಹೋಗುತ್ತೆ ಅಂತ ಮುಂದೂಡ್ತಾ ಬಂದೆ. ಈಗ ಹೋದರೆ ಹೋಗಲಿ.

ನಮ್ಮೂರು ದೇವಣಗಾಂವ. ಸಿಂದಗಿ ಕಡೆ, ಭೀಮಾ ದಂಡೆ. ಹೊಳೆ ದಾಟಿದರೆ ಅಫಜಲಪುರ ತಾಲ್ಲೂಕು. ಕಬ್ಬು, ತೊಗರಿ, ಹತ್ತಿ ಬಿಟ್ಟರೆ ನಮ್ಮೂರಿಗೂ ಟರ್ಬೋ ಕಾರಿಗೂ ಯಾವ ಸಂಬಂಧವೂ ಇಲ್ಲ. ಆದರೂ ನನಗೆ ಕಾರಿನ ಹುಚ್ಚು. 2021ರಲ್ಲಿ ಒಂದು ಫೋಕ್ಸ್‌ವ್ಯಾಗನ್ ಪೋಲೋ ತಗೊಂಡೆ. 1 ಲೀಟರ್, ಮೂರೇ ಸಿಲಿಂಡರ್, ಟಿಎಸ್‌ಐ ಟರ್ಬೋ ಎಂಜಿನ್. ಕಂಪನಿ ಹೇಳೋ ಪ್ರಕಾರ 110 ಪಿಎಸ್ ಪವರ್, 175 ನ್ಯೂಟನ್ ಮೀಟರ್ ಟಾರ್ಕ್. (2022ರಲ್ಲಿ ಭಾರತದಲ್ಲಿ ಪೋಲೋ ಮಾಡೋದನ್ನೇ ನಿಲ್ಲಿಸಿದರು. ನಮ್ಮ ಹುಚ್ಚು ಅದಕ್ಕೇ ಇನ್ನೂ ಜಾಸ್ತಿ ಆಯ್ತು.)

2023ರ ಕೊನೆಗೆ ಬೆಂಗಳೂರಿನ ಒಬ್ಬ ಟ್ಯೂನರ್ ಹತ್ತಿರ ಹೋದೆ. ಹೆಸರು ಬೇಡ. ಸಣ್ಣ ಹುಡುಗ, ಸ್ವಂತ ಗ್ಯಾರೇಜು, ಸಾಲ ಮಾಡಿ ಡೈನೋ ತಂದಿದ್ದ. ಡೈನೋ ಅಂದರೆ ಕಾರಿನ ಗಾಲಿಗಳನ್ನ ದೊಡ್ಡ ಉರುಳೆ ಮೇಲೆ ನಿಲ್ಲಿಸಿ, ಬೆಲ್ಟಿನಿಂದ ಕಟ್ಟಿ, ಪೂರ್ತಿ ಆಕ್ಸಿಲರೇಟರ್ ಒತ್ತಿ ಎಷ್ಟು ಪವರ್ ಬರುತ್ತೆ ಅಂತ ಅಳೆಯೋ ಯಂತ್ರ. ಮೊದಲು ಕಾರು ಇದ್ದ ಹಾಗೇ ಅಳೆದ. ಗಾಲಿ ಹತ್ತಿರ 98 ಎಚ್‌ಪಿ. ಆಮೇಲೆ ಇಸಿಯುಗೆ ಹೊಸ ಮ್ಯಾಪ್ ಹಾಕಿ, ಮರುದಿನ ಬೆಳಿಗ್ಗೆ ಮತ್ತೆ ಅಳೆದ. 118! ಅದನ್ನ 0.85ರಿಂದ ಭಾಗಿಸಿ, ಗೇರ್‌ಬಾಕ್ಸು ಗಾಲಿಗಳಲ್ಲಿ ಶೇಕಡಾ 15 ನಷ್ಟ ಆಗುತ್ತೆ ಅಂತ ಹೇಳಿ, ಚೀಟಿ ಮೇಲೆ ದಪ್ಪಕ್ಷರದಲ್ಲಿ 139 ಅಂತ ಪ್ರಿಂಟ್ ಮಾಡಿ ಕೊಟ್ಟ. ಆ ಚೀಟಿಯನ್ನ ನಾನು ಯಾರ್ಯಾರಿಗೆ ತೋರಿಸಿಲ್ಲ ಹೇಳಿ! ಕಬ್ಬಿನ ಬಿಲ್ಲಿನ ದುಡ್ಡಲ್ಲಿ ಮಾಡಿಸಿದ ಕೆಲಸ, ಮನೇಲಿ ಮಾತ್ರ 'ಸರ್ವಿಸ್ ಮಾಡಿಸಿದೆ' ಅಂದಿದ್ದೆ.

ನಾಲ್ಕು ತಿಂಗಳಾದ ಮೇಲೆ ಗೆಳೆಯರ ಜೊತೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಹೋಗಿದ್ದೆ. ಅಲ್ಲೇ ಊರಲ್ಲಿ ಇನ್ನೊಂದು ಡೈನೋ ಇತ್ತು. ಗೆಳೆಯರ ಮುಂದೆ ಮೆರೀಬೇಕಲ್ಲ, ಹತ್ತಿಸಿದೆ. ಬಂದಿದ್ದು 103.

118 ಎಲ್ಲಿ, 103 ಎಲ್ಲಿ! ಗೆಳೆಯರು ನಕ್ಕಿದ್ದಲ್ಲ ದೊಡ್ಡದು. ಮರುವಾರ ಬೆಂಗಳೂರಿಗೆ ಹೋಗಿ ಆ ಹುಡುಗನ ಗ್ಯಾರೇಜಲ್ಲಿ, ಅವನ ಬೇರೆ ಗಿರಾಕಿಗಳ ಎದುರಿಗೇ, 'ಕಳ್ಳ' ಅಂದುಬಿಟ್ಟೆ. ಅವನು ತಿರುಗಿ ಮಾತಾಡಲಿಲ್ಲ. "ಸರ್, ಅದು ಬೇರೆ ಡೈನೋ" ಅಂತ ಅಷ್ಟೇ ಅಂದ. ಕಳ್ಳರೆಲ್ಲಾ ಹೀಗೇ ಹೇಳೋದು ಅಂದ್ಕೊಂಡು ಬಂದೆ.

ಊರಿಗೆ ಬಂದಾಗ ಎರಡೂ ಚೀಟಿ ಅಪ್ಪನ ಕೈಗೆ ಸಿಕ್ಕಿಬಿದ್ವು. ಬೈತಾರೆ ಅಂತ ಕಾಯ್ತಿದ್ದೆ. ಅವರು ಕನ್ನಡಕ ಹಾಕ್ಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದ್ದು ಒಂದೇ ಮಾತು: "ಇದರಾಗ ಖಾಲಿ ಗಾಡಿ ತೂಕ ಎಲ್ಲಿ ಅದನೋ?"

ಕಬ್ಬು ಬೆಳೆಯೋರಿಗೆ ಇದು ತಕ್ಷಣ ಅರ್ಥ ಆಗುತ್ತೆ. ಉಳಿದವರಿಗೆ ಹೇಳ್ತೀನಿ. ವೇಬ್ರಿಜ್ ಚೀಟಿ ಮೇಲೆ ಮೂರು ಸಂಖ್ಯೆ ಇರ್ತವೆ. ತುಂಬಿದ ಗಾಡಿ ತೂಕ, ಖಾಲಿ ಗಾಡಿ ತೂಕ, ಕಬ್ಬಿನ ತೂಕ. ಮೂರನೇದು ಅಳತೆ ಅಲ್ಲ, ಲೆಕ್ಕ. ಮೊದಲೆರಡು ಬರೆಯದೆ ಬರೀ ಮೂರನೇದು ಕೊಟ್ಟರೆ ಯಾವ ರೈತನೂ ಒಪ್ಪಲ್ಲ, ಜಗಳ ಆಗುತ್ತೆ. ನನ್ನ ಕೈಲಿ ಇದ್ದದ್ದು ಎರಡು ಮೂರನೇ ಸಂಖ್ಯೆಗಳು. ಎರಡಕ್ಕೂ ಹಿಂದಿನ ಲೆಕ್ಕ ಇರಲಿಲ್ಲ.

ಮೂರು ದಿನ ಯೋಚಿಸಿ ಆ ಹುಡುಗನಿಗೆ ಫೋನ್ ಮಾಡಿ ಅಸಲಿ ಫೈಲ್ ಕೇಳಿದೆ. ಅವನು ಕಳಿಸಿದ ನೋಡಿ, ದೊಡ್ಡ ಮನಸ್ಸು. ತೆಗೆದು ನೋಡಿದರೆ ಉರುಳೆ ನಿಜವಾಗಿ ಅಳೆದಿದ್ದು 104. ಅದನ್ನ 1.135ರಿಂದ ಗುಣಿಸಿ 118 ಮಾಡಿದ್ದು ಸಾಫ್ಟ್‌ವೇರ್. ಕೊಯಮತ್ತೂರಿನವರು ಗುಣಿಸದೆ 103 ಅಂತ ಹಾಗೇ ಕೊಟ್ಟಿದ್ದರು. ಅಳತೆಗಳ ನಡುವೆ ಇದ್ದ ವ್ಯತ್ಯಾಸ ಒಂದೇ ಒಂದು ಎಚ್‌ಪಿ! (ಅವರದ್ದು ಬ್ರೇಕ್ ಹಾಕಿ ಲೋಡ್ ಕೊಡೋ ಡೈನೋ, ಇವನದ್ದು ಭಾರದ ಉರುಳೆಯನ್ನ ಎಷ್ಟು ಬೇಗ ತಿರುಗಿಸ್ತೀರಿ ಅಂತ ನೋಡೋದು. ಟೈರಿನ ಗಾಳಿ, ಬೆಲ್ಟಿನ ಬಿಗಿತ ಎಲ್ಲಾ ಬೇರೆ. ಹಾಗಾಗಿ ಇಷ್ಟು ಹತ್ತಿರ ಬಂದಿದ್ದರಲ್ಲಿ ಅದೃಷ್ಟವೂ ಇದೆ ಅನ್ನಿ.)

ಈ 1.135 ಎಲ್ಲಿಂದ ಬಂತು? ಇಲ್ಲೇ ಇರೋದು ಮಜಾ. ಗಾಳಿ ತೆಳುವಾದರೆ ಎಂಜಿನ್‌ಗೆ ಸಿಗೋ ಆಮ್ಲಜನಕ ಕಡಿಮೆ, ಪವರ್ ಕಡಿಮೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರ, ಗಾಳಿಯ ಒತ್ತಡ 910 ಮಿಲಿಬಾರ್ ಆಸುಪಾಸು. ಕೊಯಮತ್ತೂರು ಸುಮಾರು 410 ಮೀಟರ್. ಎರಡು ಊರಿನ ಅಳತೆ ಹೋಲಿಸೋಕೆ ಒಂದು ಸೂತ್ರ ಬೇಕಲ್ಲ, ಅದಕ್ಕೆ ಎಸ್‌ಎಇ ಜೆ1349 ಅಂತ ಒಂದಿದೆ. 25 ಡಿಗ್ರಿ ಶಾಖ, 990 ಮಿಲಿಬಾರ್ ಒಣ ಗಾಳಿ ಇದ್ದಿದ್ದರೆ ಎಷ್ಟು ಬರ್ತಿತ್ತು ಅಂತ ಅದು ಹೇಳುತ್ತೆ. ಜರ್ಮನಿಯ ಡಿಐಎನ್ 70020 ಸೂತ್ರಕ್ಕೆ 20 ಡಿಗ್ರಿ, 1013 ಮಿಲಿಬಾರ್ ಆಧಾರ. ಅದೇ ಓಟಕ್ಕೆ ಅದು ಇನ್ನೂ ದೊಡ್ಡ ಸಂಖ್ಯೆ ಕೊಡುತ್ತೆ. ಮೌಸ್ ಒಂದು ಸಲ ಒತ್ತಿದರೆ ಮೂರ್ನಾಲ್ಕು ಕುದುರೆ ಹೆಚ್ಚು, ಮೇವಿನ ಖರ್ಚಿಲ್ಲ :-)

ಟರ್ಬೋ ಇಲ್ಲದ ಎಂಜಿನ್‌ಗೆ ಈ ಗುಣಾಕಾರ ನ್ಯಾಯ. ಟರ್ಬೋ ಕಥೆಯೇ ಬೇರೆ. ನನ್ನ ಕಾರಿನ ಇಸಿಯು ಇನ್‌ಟೇಕ್ ಮ್ಯಾನಿಫೋಲ್ಡ್ ಒಳಗೆ ಇಷ್ಟು ಒತ್ತಡ ಇರಲೇಬೇಕು ಅಂತ ಗುರಿ ಇಟ್ಟುಕೊಳ್ಳುತ್ತೆ. ಹೊರಗಿನ ಗಾಳಿ ತೆಳುವಾದರೆ ವೇಸ್ಟ್‌ಗೇಟನ್ನ ಹೆಚ್ಚು ಮುಚ್ಚಿ, ಟರ್ಬೋವನ್ನ ಇನ್ನಷ್ಟು ಜೋರಾಗಿ ತಿರುಗಿಸಿ ಗುರಿ ಮುಟ್ಟುತ್ತೆ. ಅಂದರೆ ಬೆಂಗಳೂರಿನ ಎತ್ತರದಲ್ಲಿ ಆಗೋ ನಷ್ಟವನ್ನ ಕಾರೇ ಬಹುಪಾಲು ತುಂಬಿಕೊಂಡಿತ್ತು. ಆಗದ ನಷ್ಟಕ್ಕೆ ಸೂತ್ರ ಪರಿಹಾರ ಕೊಡ್ತು! ಬೆಳೆ ಹಾಳಾಗದೇ ಇದ್ದವರಿಗೂ ಬರ ಪರಿಹಾರ ಬಂದ ಹಾಗೆ. ಪೂರ್ತಿ ತುಂಬಿಕೊಳ್ಳಲ್ಲ, ಹೆಚ್ಚು ತಿರುಗಿದ ಟರ್ಬೋದಿಂದ ಗಾಳಿ ಬಿಸಿಯಾಗುತ್ತೆ, ಟರ್ಬೋಗೂ ಒಂದು ಮಿತಿ ಇದೆ. ಆದರೆ ಶೇಕಡಾ 13.5 ಅಂತೂ ಅಲ್ಲ.

ಯುರೋಪಿನ ಎಂಜಿನ್ ಪರೀಕ್ಷೆಯ ನಿಯಮದಲ್ಲಿ (ಇಇಸಿ 80/1269) ಈ ಗುಣಕ 0.93ರಿಂದ 1.07ರ ಒಳಗಿರಬೇಕು, ದಾಟಿದರೆ ಅವತ್ತಿನ ಶಾಖ, ಒತ್ತಡ ಎಷ್ಟಿತ್ತು ಅಂತ ವರದಿಯಲ್ಲಿ ಸ್ಪಷ್ಟವಾಗಿ ಬರೀಬೇಕು ಅಂತಿತ್ತು. ಆ ಲೆಕ್ಕದಲ್ಲಿ ಬೆಂಗಳೂರಿನ ಡೈನೋ ಚೀಟಿಗಳೆಲ್ಲಾ ಷರಾ ಬರೆಸಿಕೊಳ್ಳಬೇಕಾದವೇ.

ಹಾಗಂತ ಆ ಹುಡುಗ ಮೋಸಗಾರನಾ? ಅಲ್ಲ. ಸಾಫ್ಟ್‌ವೇರ್ ಬಂದಾಗ ಹೇಗೆ ಸೆಟ್ ಆಗಿತ್ತೋ ಹಾಗೇ ಬಿಟ್ಟಿದ್ದ. ಟ್ಯೂನ್ ಮಾಡೋ ಮುಂಚೆ ಬಂದ 98ನ್ನೂ ಹಾಗೇ ಗುಣಿಸಿದ್ದ. ಎರಡಕ್ಕೂ ಒಂದೇ ತಕ್ಕಡಿ ಆದ್ದರಿಂದ 98ರಿಂದ 118, ಶೇಕಡಾ 20 ಹೆಚ್ಚಳ, ಸರಿ ಇರಬೇಕಲ್ಲ ಅಂತೀರಾ? ಅಲ್ಲಿ ತಪ್ಪು ನನ್ನದು. ಮೊದಲನೇ ದಿನ ಮಧ್ಯಾಹ್ನ ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಎರಡು ಗಂಟೆ ಬೆಂದ ಕಾರನ್ನ ನೇರ ಡೈನೋ ಮೇಲೆ ಹತ್ತಿಸಿದ್ದೆ. "ಆರಲಿ ಸರ್" ಅಂದ, ನನಗೆ ಪುರುಸೊತ್ತಿರಲಿಲ್ಲ. ಎಂಜಿನ್ ಒಳಗೆ ಹೋಗೋ ಗಾಳಿ ಬಿಸಿಯಾದರೆ ಇಸಿಯು ನಾಕಿಂಗ್ ಆಗದಿರಲಿ ಅಂತ ಇಗ್ನಿಷನ್ ಟೈಮಿಂಗ್ ಹಿಂದಕ್ಕೆ ಎಳೆಯುತ್ತೆ, ಪವರ್ ಬೀಳುತ್ತೆ. ಮರುದಿನ ಓಡಿಸಿದ್ದು ಬೆಳಗಿನ ತಂಪಲ್ಲಿ. ಹಳೇ ಮ್ಯಾಪಿಗೆ ಬಿಸಿಲು, ಹೊಸ ಮ್ಯಾಪಿಗೆ ಇಬ್ಬನಿ. ಎಂಥಾ ನ್ಯಾಯ!

ಕೊನೆಗೆ ನಾನೇ ಅಳೆದೆ. ಮ್ಯಾಪ್ ಬದಲಾಯಿಸೋ ಸಣ್ಣ ಡಬ್ಬಿ ಕೆಲಸದ ಜೊತೆಗೇ ಕೊಟ್ಟಿದ್ದ. ಒಂದು ಭಾನುವಾರ ಬೆಳಿಗ್ಗೆ ಐದೂವರೆಗೆ ವಿಜಯಪುರ-ಸೋಲಾಪುರ ಹೆದ್ದಾರಿಗೆ ಹೋದೆ. ಪಕ್ಕದಲ್ಲಿ ಚಿಕ್ಕಪ್ಪನ ಮಗ, ಕೈಲಿ ಜಿಪಿಎಸ್. ನಾಲ್ಕನೇ ಗೇರಲ್ಲಿ 60ರಿಂದ 100 ಕಿ.ಮೀ. ವೇಗಕ್ಕೆ ಎಷ್ಟು ಸೆಕೆಂಡು ಅಂತ ನೋಡೋದು. ಗಾಳಿ, ಇಳಿಜಾರು ಮೋಸ ಮಾಡದಿರಲಿ ಅಂತ ಹೋಗ್ತಾ ಮೂರು, ಬರ್ತಾ ಮೂರು. ಮೊದಲು ಕಂಪನಿ ಮ್ಯಾಪು, ಆಮೇಲೆ ಹೊಸದು, ಮತ್ತೆ ಕಂಪನಿದು. ಅದೇ ಪೆಟ್ರೋಲು, ಅದೇ ಇಬ್ಬರು. ಸರಾಸರಿ 7.2 ಸೆಕೆಂಡಿಂದ 6.3ಕ್ಕೆ ಇಳೀತು. ಸ್ಥೂಲವಾಗಿ ಶೇಕಡಾ 14 ಹೆಚ್ಚಳ. ಅಂದರೆ ಹುಡುಗ ಕೆಲಸ ಸರಿಯಾಗೇ ಮಾಡಿದ್ದ. ಚೀಟಿ ಮೇಲೆ ಹೇಳಿದಷ್ಟಲ್ಲ, ನಾನು ಬೈದಷ್ಟು ಕಡಿಮೆಯೂ ಅಲ್ಲ.

ಇದೆಲ್ಲಾ ತಿಳಿದ ಮೇಲೆ 'ಡೈನೋ ಅಂದರೆ ಬರೀ ಬುರುಡೆ' ಅನ್ನೋರ ಜೊತೆ ನಾನಿಲ್ಲ. ಅಮೆರಿಕದಲ್ಲಿ ಮಜ್ದಾ ಕಂಪನಿ 2001ರ ಎಂಎಕ್ಸ್-5ಗೆ 155 ಎಚ್‌ಪಿ ಅಂತ ಹೇಳಿ, ಆಮೇಲೆ ಅದು 142 ಅಂತ ಒಪ್ಪಿಕೊಂಡು, ಬೇಡದವರ ಕಾರು ವಾಪಸ್ ಕೊಳ್ತೀವಿ ಅಂದಿತ್ತು. 1999ರ ಮಸ್ಟಾಂಗ್ ಕೋಬ್ರಾಗೆ ಫೋರ್ಡ್ ಹೇಳಿದ 320 ಎಚ್‌ಪಿ ಮಾಲೀಕರ ಡೈನೋ ಮೇಲೆ ಬರಲಿಲ್ಲ, ಗಲಾಟೆಯಾಗಿ ಕಂಪನಿ ಕಾರು ವಾಪಸ್ ಕರೆದು ಸರಿಮಾಡಿಕೊಟ್ಟಿತು. ಸಾಮಾನ್ಯರ ಕೈಲಿರೋ ತಕ್ಕಡಿ ಅದು, ಬಿಟ್ಟುಕೊಡಬಾರದು. ನನ್ನ ತಕರಾರು ಇಷ್ಟೇ: ಗುಣಿಸದ ಅಳತೆ, ಗುಣಕ, ಯಾವ ಸೂತ್ರ, ಶಾಖ, ಒತ್ತಡ, ಯಾವ ಗೇರು, ಇಷ್ಟನ್ನ ಚೀಟಿ ಮೇಲೆ ಬರೀರಿ. ಶೇಕಡಾ 15 ನಷ್ಟ ಅಂತ ಊಹೆ ಮಾಡಿ ಎಂಜಿನ್ ಪವರ್ ಬರೆಯೋದನ್ನ ಬಿಡಿ. ಅದನ್ನ ಯಾರೂ ಅಳೆದಿಲ್ಲ. ಗಿರಾಕಿಗಳೂ ದೊಡ್ಡ ಸಂಖ್ಯೆ ಕೊಡೋನ ಹತ್ತಿರವೇ ಓಡ್ತಾರೆ, ನನ್ನನ್ನೂ ಸೇರಿಸಿ. ನಿಜ ಹೇಳೋ ಡೈನೋದವನಿಗೆ ಹೊಟ್ಟೆ ತುಂಬೋದು ಹೇಗೆ?

ಹುಡುಗನ ಗ್ಯಾರೇಜಿಗೆ ಹೋಗಿ ಕ್ಷಮೆ ಕೇಳಿದೆ. ಬೈದಾಗ ಇದ್ದ ಗಿರಾಕಿಗಳು ಅವತ್ತು ಇರಲಿಲ್ಲ, ಅದೊಂದು ಕೊರಗು ಉಳೀತು. ಚಹಾ ಕುಡಿಸಿದ. ಈಗ ಚೀಟಿ ಕೆಳಗೆ ಸಣ್ಣಕ್ಷರದಲ್ಲಿ ಗುಣಕ ಪ್ರಿಂಟ್ ಮಾಡ್ತಾನೆ, ಮೇಲಿನ ದಪ್ಪ ಸಂಖ್ಯೆ ಮಾತ್ರ ಹಾಗೇ ಇದೆ.

ನಿಮ್ಮಲ್ಲಿ ಯಾರಾದರೂ ಹೀಗೆ ಕಾರು ಟ್ಯೂನ್ ಮಾಡಿಸಿದ್ದರೆ ಚೀಟಿ ತೆಗೆದು ಗುಣಕ ಎಷ್ಟಿದೆ ನೋಡಿ ಹೇಳಿ. ನನ್ನವೆರಡೂ ಈಗ ನನ್ನ ಹತ್ತಿರ ಇಲ್ಲ. ಅಪ್ಪ ಅವನ್ನ ಕಬ್ಬಿನ ತೂಕದ ಚೀಟಿಗಳ ಫೈಲಿಗೆ ಸೇರಿಸಿ ಟ್ರಂಕಲ್ಲಿಟ್ಟಿದ್ದಾರೆ. 139ರ ಸುತ್ತ ಕೆಂಪು ಪೆನ್ನಿನಿಂದ ಒಂದು ಗೋಲ.